ಎರಚಿದ ಕಾಳು, ತುಂಬಿಟ್ಟ ಮ್ಯಾಶ್, ಕಲಸಿದ ಮೇವು: ಹಿತ್ತಲ ಕೋಳಿಗಳ ಮೇಲೆ ನಾನು ಮಾಡಿ ನೋಡಿದ ಮೂರು ಪದ್ಧತಿಗಳು

ಮಂಡ್ಯದ ಹೊರಭಾಗದಲ್ಲಿ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಬಯಲಿನ ಅಂಚಿನಲ್ಲಿ ನಮ್ಮ ಮನೆಯಿದೆ. ಹಿತ್ತಲಿನಲ್ಲಿ ಎಂಟು ತೆಂಗಿನ ಮರಗಳು, ಒಂದು ಬಾಳೆಯ ಗುಂಪು, ಕೊಟ್ಟಿಗೆಯ ಹಿಂದೆ ತಿಪ್ಪೆ, ಅದರ ಪಕ್ಕದಲ್ಲಿ ಕೋಳಿಗೂಡು ಇವೆ. ಕಳೆದ ವರ್ಷ ನಮ್ಮಲ್ಲಿ ಮೊಟ್ಟೆಯಿಡುವ 18 ಹೇಟೆಗಳೂ ಎರಡು ಹುಂಜಗಳೂ ಇದ್ದವು. ಹೇಟೆಗಳಲ್ಲಿ ಹೆಚ್ಚಿನವು ಗಿರಿರಾಜ ಹುಂಜಕ್ಕೆ ನಾಟಿ ಕೋಳಿಗಳಲ್ಲಿ ಹುಟ್ಟಿದವು. ಗಿರಿರಾಜವು ಬೆಂಗಳೂರಿನ ಹೆಬ್ಬಾಳದಲ್ಲಿ ಹಿತ್ತಲ ಸಾಕಣೆಗೆಂದೇ ಅಭಿವೃದ್ಧಿಪಡಿಸಿದ ತಳಿಯಾದ್ದರಿಂದ ಅದರ ಮರಿಗಳು ಕೆದಕಿ ತಿನ್ನುವ ಗುಣವನ್ನು ಬಿಟ್ಟಿರಲಿಲ್ಲ. ಆದರೆ ನಾಟಿ ಕೋಳಿಗಿಂತ ಮೈ ದೊಡ್ಡದು, ಮೊಟ್ಟೆ ಹೆಚ್ಚು, ಆದ್ದರಿಂದ ಹಸಿವೂ ಹೆಚ್ಚು. ಇವಕ್ಕೆ ಯಾವಾಗ, ಏನನ್ನು, ಎಷ್ಟು ಹಾಕಬೇಕೆಂಬ ವಿಷಯದಲ್ಲಿ ನನಗೂ ನಮ್ಮ ಅತ್ತೆಯವರಿಗೂ ಎರಡು ವರ್ಷಗಳಿಂದ ಒಮ್ಮತವಿರಲಿಲ್ಲ. ಕೊನೆಗೆ ಮಾತು ಸಾಕು, ಮಾಡಿಯೇ ನೋಡೋಣವೆಂದು ಇಬ್ಬರೂ ಒಪ್ಪಿದೆವು.

ಗೂಡನ್ನು ತಂತಿಬಲೆಯಿಂದ ಮೂರು ಭಾಗ ಮಾಡಿ, ಭಾಗಕ್ಕೆ ಆರರಂತೆ ಹೇಟೆಗಳನ್ನು ಹಂಚಿದೆ. ವಯಸ್ಸು ಮತ್ತು ತೂಕ ಆದಷ್ಟು ಸಮನಾಗಿರುವಂತೆ ನೋಡಿಕೊಂಡು, ಕಾಲಿಗೆ ಬೇರೆ ಬೇರೆ ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿದೆ. ಹೊಸ ಮೇವಿಗೆ ಹೊಂದಿಕೊಳ್ಳಲು ಹತ್ತು ದಿನ ಬಿಟ್ಟು, ಅಲ್ಲಿಂದ ಮುಂದೆ ಎಂಟು ವಾರ, ಅಂದರೆ 56 ದಿನ, ಪ್ರತಿ ಮೊಟ್ಟೆಯನ್ನೂ ಹಾಕಿದ ಮೇವನ್ನೂ ಪುಸ್ತಕದಲ್ಲಿ ಬರೆದಿಟ್ಟೆ. ಆರಂಭಿಸಿದ್ದು ನವೆಂಬರ್ ತಿಂಗಳಿನಲ್ಲಿ. ಆ ದಿನಗಳಲ್ಲಿ ನಮ್ಮ ಕಡೆ ಹಗಲು ಹನ್ನೊಂದೂವರೆ ಗಂಟೆಯ ಆಸುಪಾಸಿಗೆ ಇಳಿಯುತ್ತದೆ, ಬೆಳಕು ಕಡಿಮೆಯಾದಷ್ಟೂ ಮೊಟ್ಟೆ ಕಡಿಮೆಯಾಗುತ್ತದೆ. ಆದರೆ ಆ ಕೊರತೆ ಮೂರು ಗುಂಪಿಗೂ ಒಂದೇ ಆಗಿದ್ದರಿಂದ ಹೋಲಿಕೆಗೆ ಅಡ್ಡಿಯಿಲ್ಲವೆಂದು ಭಾವಿಸಿದೆ. ಗುಂಪಿಗೆ ಆರು ಕೋಳಿ ಬಹಳ ಚಿಕ್ಕ ಲೆಕ್ಕ. ಒಂದು ಕಾವಿಗೆ ಕೂತರೂ ಅಂಕಿ ಬದಲಾಗುತ್ತದೆ. ಓದುವವರು ಇದನ್ನು ಒಂದು ಮನೆಯ ಅನುಭವವೆಂದೇ ತೆಗೆದುಕೊಳ್ಳಬೇಕು.

ಮೊದಲನೆಯದು ಅತ್ತೆಯವರ ಪದ್ಧತಿ. ಅವರು ನಾಗಮಂಗಲದ ಕಡೆಯವರು, ರಾಗಿ ಬೆಳೆಯುವ ಒಣಭೂಮಿಯ ಮನೆತನ. ಬೆಳಗ್ಗೆ ಏಳಕ್ಕೆ ಗೂಡು ತೆರೆದು ಒಂದಿಷ್ಟು ರಾಗಿ, ಅಕ್ಕಿನುಚ್ಚು ಎರಚುವುದು, ಹಗಲೆಲ್ಲ ಬಿಟ್ಟು ಮೇಯಿಸುವುದು, ಸಂಜೆ ಮತ್ತೆ ಒಂದಿಷ್ಟು ಎರಚಿ ಕೂಡುವುದು. ಕೋಳಿಯೊಂದಕ್ಕೆ ದಿನಕ್ಕೆ ಸುಮಾರು 60 ಗ್ರಾಂ ಕಾಳು; ಮಿಕ್ಕಿದ್ದನ್ನು ತಿಪ್ಪೆ, ಹುಲ್ಲು, ಹುಳು ತುಂಬಬೇಕು. ಹಳೆಯ ಮಡಕೆಗೆ ಒಣ ಸಗಣಿಯನ್ನೂ ಹರಿದ ಗೋಣಿಯನ್ನೂ ತುಂಬಿ, ನೀರು ಚಿಮುಕಿಸಿ ನೆಲಕ್ಕೆ ಮೊಗಚಿಟ್ಟು, ಮರುದಿನ ಅದಕ್ಕೆ ಹತ್ತಿದ ಗೆದ್ದಲನ್ನು ಕೋಳಿಗಳ ಮುಂದೆ ಕೊಡವುವುದು ಅವರಿಗೆ ಕೈಬಂದ ವಿದ್ಯೆ. ಆ ಗೆದ್ದಲಿಗೆ ಕೋಳಿಗಳು ಮುಗಿಬೀಳುವುದನ್ನು ನೋಡಿದವರಿಗೆ, ಕಾಳಿನಲ್ಲಿ ಇಲ್ಲದ ಏನನ್ನು ಅವು ಅರಸುತ್ತಿವೆ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

ಆ ಇಲ್ಲದ್ದು ಮುಖ್ಯವಾಗಿ ಎರಡು. ಮೊಟ್ಟೆಯಿಡುವ ಕೋಳಿಯ ಮೇವಿನಲ್ಲಿ ಶೇಕಡ 16ರಿಂದ 18ರಷ್ಟು ಪ್ರೋಟೀನ್ ಇರಬೇಕು. ರಾಗಿಯಲ್ಲಿ ಅದು ಶೇಕಡ 7ರ ಆಸುಪಾಸು, ಅಕ್ಕಿನುಚ್ಚಿನಲ್ಲಿ 8ರ ಆಸುಪಾಸು. ಎರಡನೆಯದು ಕ್ಯಾಲ್ಸಿಯಂ. ಇದನ್ನು ಹೇಳಿದಾಗ ಅತ್ತೆಯವರು, "ರಾಗಿ ತಿಂದವ್ನು ನಿರೋಗಿ ಅಂತಾರೆ ಕಣವ್ವ, ಮನುಷ್ಯರ ಮೂಳೆಗೆ ಆಗೋದು ಕೋಳಿ ಮೊಟ್ಟೆಗೆ ಆಗಾಕಿಲ್ವಾ?" ಎಂದು ಕೇಳಿದರು. ಪ್ರಶ್ನೆ ಸರಿಯಾದದ್ದೇ. ಧಾನ್ಯಗಳಲ್ಲಿ ರಾಗಿಯಷ್ಟು ಕ್ಯಾಲ್ಸಿಯಂ ಇರುವುದು ಬೇರೊಂದಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ. ಆದರೆ ಒಂದು ಮೊಟ್ಟೆಯ ಚಿಪ್ಪಿನಲ್ಲಿಯೇ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ತಿಂದದ್ದೆಲ್ಲ ಮೈಗೆ ಹತ್ತದ ಕಾರಣ ಕೋಳಿ ದಿನಕ್ಕೆ ಅದರ ಎರಡರಷ್ಟನ್ನು ತಿನ್ನಬೇಕು. 60 ಗ್ರಾಂ ರಾಗಿ ತಿಂದ ಕೋಳಿಗೆ ಸಿಗುವುದು 200 ಮಿಲಿಗ್ರಾಂ ಮಾತ್ರ. ಉಳಿದದ್ದನ್ನು ಅದು ಮಣ್ಣಿನಿಂದ, ಬಸವನ ಹುಳುವಿನ ಚಿಪ್ಪಿನಿಂದ ಹುಡುಕಿಕೊಳ್ಳಬೇಕು. ಸಿಗದಿದ್ದರೆ ತನ್ನ ಎಲುಬನ್ನೇ ಕರಗಿಸಿ ಮೊಟ್ಟೆಗೆ ಹಾಕುತ್ತದೆ.

ಮೂರನೆಯ ವಾರದಲ್ಲಿ ಇದು ಕೈಗೇ ತಾಗಿತು. ಬೆಳಗಿನ ಜಾವ ಮೊದಲ ಗುಂಪಿನ ಗೂಡಿನಲ್ಲಿ, ಹುಲ್ಲಿನ ಮೇಲೆ ಬೆಚ್ಚಗಿನ ಒಂದು ಮೊಟ್ಟೆ ಸಿಕ್ಕಿತು. ಎತ್ತಿಕೊಂಡಾಗ ಹೆಬ್ಬೆರಳು ಒಳಗೆ ತಗ್ಗಿತು. ಚಿಪ್ಪೇ ಇರಲಿಲ್ಲ, ಬಿಳಿಯ ಪೊರೆಯೊಳಗೆ ಹಳದಿ ಅಲುಗಾಡುವುದು ದೀಪದ ಬೆಳಕಿಗೆ ಕಾಣುತ್ತಿತ್ತು. ಅದನ್ನು ಅತ್ತೆಯವರ ಅಂಗೈಯಲ್ಲಿಟ್ಟೆ. ಅವರು ಬಹಳ ಹೊತ್ತು ನೋಡಿ, ನಾಟಿ ಕೋಳಿ ಸಾಕುತ್ತಿದ್ದ ಕಾಲದಲ್ಲಿ ಇಂಥದ್ದು ಅಪರೂಪವಾಗಿತ್ತು ಎಂದರು. ಅದೂ ನಿಜ. ನಾಟಿ ಹೇಟೆ ಹತ್ತು ಹನ್ನೆರಡು ಮೊಟ್ಟೆಯಿಟ್ಟು ಕಾವಿಗೆ ಕೂರುತ್ತದೆ, ಮರಿ ಮಾಡಿ ತಿಂಗಳುಗಟ್ಟಲೆ ಮೊಟ್ಟೆ ನಿಲ್ಲಿಸುತ್ತದೆ. ಆ ಬಿಡುವಿನಲ್ಲಿ ಅದರ ಎಲುಬು ಮತ್ತೆ ತುಂಬಿಕೊಳ್ಳುತ್ತದೆ. ಪದ್ಧತಿಯಲ್ಲಿ ತಪ್ಪಿರಲಿಲ್ಲ, ಕೋಳಿ ಬದಲಾಗಿತ್ತು.

ಎರಚುವ ಪದ್ಧತಿಯ ಇನ್ನೊಂದು ತೊಡಕು ಜಗಳ. ಬಲಿಷ್ಠವಾದ ಎರಡು ಹೇಟೆಗಳು ನಡುವೆ ನಿಂತು ತಿಂದರೆ, ಬಿಳಿಗರಿಯ ಒಂದು ಹೇಟೆ ಅಂಚಿನಲ್ಲೇ ಓಡಾಡಿಕೊಂಡಿರುತ್ತಿತ್ತು. ಕತ್ತಲಾದ ಮೇಲೆ ಅದರ ಕುತ್ತಿಗೆಯ ಬುಡದ ಮೇವಿನ ಚೀಲವನ್ನು ಮುಟ್ಟಿ ನೋಡಿದರೆ ಉಳಿದವಕ್ಕೆ ನಿಂಬೆಹಣ್ಣಿನಷ್ಟು ಗಟ್ಟಿಯಾಗಿ ತುಂಬಿರುವಾಗ ಇದಕ್ಕೆ ಬೆರಳಿಗೆ ಸಿಗುವಷ್ಟೂ ಇರುತ್ತಿರಲಿಲ್ಲ. ಕಾಳನ್ನು ಒಂದೇ ಕಡೆ ಸುರಿಯದೆ ಹಿತ್ತಲ ಉದ್ದಕ್ಕೂ ವಿರಳವಾಗಿ ಚೆಲ್ಲಿದಾಗ ಸ್ವಲ್ಪ ಸರಿಹೋಯಿತು.

ಎರಡನೆಯ ಗುಂಪಿಗೆ ಅಂಗಡಿಯ ಲೇಯರ್ ಮ್ಯಾಶ್ ಅನ್ನು, ಅಂದರೆ ಮೊಟ್ಟೆಯಿಡುವ ಕೋಳಿಗೆಂದೇ ಬೆರೆಸಿ ಮಾರುವ ಹಿಟ್ಟಿನಂಥ ಮೇವನ್ನು, ಹಗಲೆಲ್ಲ ತೊಟ್ಟಿಯಲ್ಲಿ ಇಟ್ಟು, ಸಂಜೆ ಎರಡು ಗಂಟೆ ಮಾತ್ರ ಹೊರಗೆ ಬಿಡುತ್ತಿದ್ದೆ. ಇದರ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ; ಅದು ಹೇಳಿದ ಕೆಲಸವನ್ನು ಮಾಡುತ್ತದೆ. ಪ್ರೋಟೀನ್, ಕ್ಯಾಲ್ಸಿಯಂ, ಜೀವಸತ್ವ ಎಲ್ಲವೂ ಲೆಕ್ಕಕ್ಕೆ ಬೆರೆತಿರುತ್ತವೆ, ದುರ್ಬಲ ಕೋಳಿಯೂ ತನ್ನ ಸರದಿ ಬಂದಾಗ ಬಂದು ತಿನ್ನುತ್ತದೆ, ಮನೆಯವರು ಬೆಳಗ್ಗೆ ಕೆಲಸಕ್ಕೆ ಹೋಗಿ ಸಂಜೆ ಬಂದರೂ ನಡೆಯುತ್ತದೆ. ತೊಡಕಿರುವುದು ವ್ಯರ್ಥದಲ್ಲಿ. ಕೋಳಿ ಕೊಕ್ಕಿನಿಂದ ಜೋಳದ ತುಣುಕನ್ನು ಆರಿಸಲು ಹಿಟ್ಟನ್ನು ಆಚೆ ಈಚೆ ಎಸೆಯುತ್ತದೆ. ತೊಟ್ಟಿಯನ್ನು ನೆಲದಿಂದ ಎತ್ತಿ ಕೋಳಿಯ ಬೆನ್ನಿನ ಮಟ್ಟಕ್ಕೆ ತೂಗುಹಾಕಿ, ಮೂರನೇ ಒಂದು ಭಾಗ ಮಾತ್ರ ತುಂಬಲು ಆರಂಭಿಸಿದ ಮೇಲೆ ಚೆಲ್ಲುವುದು ಕಣ್ಣಿಗೆ ಕಾಣುವಷ್ಟು ಇಳಿಯಿತು. ರಾತ್ರಿ ತೊಟ್ಟಿಯನ್ನು ಗೂಡಿನಲ್ಲೇ ಬಿಟ್ಟ ದಿನಗಳಲ್ಲಿ ಹೆಗ್ಗಣಗಳು ಕೊಟ್ಟಿಗೆಯ ಕಡೆಯಿಂದ ಬಿಲ ಕೊರೆದು ಬಂದವು. ಹೆಗ್ಗಣ ಬಂದಲ್ಲಿಗೆ ಹಾವೂ ಬರುತ್ತದೆ, ಆದ್ದರಿಂದ ಕತ್ತಲಾಗುವ ಮೊದಲು ತೊಟ್ಟಿಯನ್ನು ಎತ್ತಿ ಡ್ರಮ್ಮಿನೊಳಗೆ ಮುಚ್ಚಿಡುವುದನ್ನು ಈ ಪದ್ಧತಿ ಆರಿಸುವವರು ಮರೆಯಬಾರದು. ಹಳದಿಯ ಬಣ್ಣವೂ ಇವುಗಳಲ್ಲಿ ಸ್ವಲ್ಪ ತೆಳುವಾಗಿತ್ತು. ಹಸಿರು ಸೊಪ್ಪು ತಿಂದ ಮೊದಲನೆಯ ಗುಂಪಿನ ಮೊಟ್ಟೆಯನ್ನು ಪಕ್ಕದಲ್ಲಿ ಒಡೆದಿಟ್ಟರೆ ವ್ಯತ್ಯಾಸ ಎದ್ದು ಕಾಣುತ್ತಿತ್ತು.

ಮೂರನೆಯದು ನಾನು ರೂಢಿಸಿದ್ದು. ಬೆಳಗ್ಗೆ ಆರೂವರೆಗೆ ಕೋಳಿಯೊಂದಕ್ಕೆ 70 ಗ್ರಾಂ ಮನೆಯ ಮಿಶ್ರಣವನ್ನು ನೀರು ಚಿಮುಕಿಸಿ ಪುಟ್ಟುಹಿಟ್ಟಿನ ಹದಕ್ಕೆ ಕಲಸಿ ಉದ್ದನೆಯ ಬಾನಿಯಲ್ಲಿ ಹಾಕುವುದು, ಮೊಟ್ಟೆಗಳು ಗೂಡಿನಲ್ಲೇ ಬೀಳಲೆಂದು ಹನ್ನೊಂದರವರೆಗೆ ಕೂಡಿಟ್ಟು ಆಮೇಲೆ ಮೇಯಲು ಬಿಡುವುದು, ಸಂಜೆ ಐದೂವರೆಗೆ ಡಬ್ಬ ಅಲುಗಿಸಿ ಕರೆದು 30 ಗ್ರಾಂ ಕಾಳನ್ನೂ ಬೇರೆ ಬಟ್ಟಲಿನಲ್ಲಿ ಕಪ್ಪೆಚಿಪ್ಪಿನ ತರಿಯನ್ನೂ ಕೊಡುವುದು. ಬಾನಿಯಲ್ಲಿ ಪ್ರತಿ ಕೋಳಿಗೂ ಕನಿಷ್ಠ 10 ಸೆಂಟಿಮೀಟರ್ ಜಾಗ ಇರಬೇಕು. ಇಲ್ಲದಿದ್ದರೆ ಮೊದಲನೆಯ ಪದ್ಧತಿಯ ಜಗಳ ಇಲ್ಲಿಗೂ ಬರುತ್ತದೆ.

ಹತ್ತು ಕಿಲೋ ಮಿಶ್ರಣಕ್ಕೆ ನಾನು ಹಾಕಿದ್ದು ಮುಸುಕಿನ ಜೋಳದ ನುಚ್ಚು ನಾಲ್ಕೂವರೆ ಕಿಲೋ, ರಾಗಿ ಒಂದು ಕಿಲೋ, ಹೊಸ ಅಕ್ಕಿತೌಡು 1.2 ಕಿಲೋ, ಕಡಲೆಕಾಯಿ ಹಿಂಡಿ ಎರಡು ಕಿಲೋ, ಉಪ್ಪು ಹಾಕದ ಒಣಮೀನಿನ ಪುಡಿ 400 ಗ್ರಾಂ, ಚಿಪ್ಪಿನ ಪುಡಿ 700 ಗ್ರಾಂ, ಕೋಳಿಗೆಂದೇ ಮಾರುವ ಖನಿಜ ಮಿಶ್ರಣ 200 ಗ್ರಾಂ. ಪ್ರೋಟೀನಿನ ಲೆಕ್ಕ ಶೇಕಡ 16ಕ್ಕೆ ಸ್ವಲ್ಪ ಮೇಲೆ ಬರುತ್ತದೆ. ಹಿಂಡಿಯಲ್ಲಿ ಪ್ರೋಟೀನ್ ಧಾರಾಳವಾಗಿದ್ದರೂ ಅದರಲ್ಲಿ ಲೈಸಿನ್, ಮೆಥಿಯೊನಿನ್ ಎಂಬ ಎರಡು ಅಮೈನೊ ಆಮ್ಲಗಳು ಕಡಿಮೆ; ಮೀನು ಆ ಕೊರತೆಯನ್ನು ತುಂಬುತ್ತದೆ. ಉಪ್ಪುಮೀನನ್ನು ಮಾತ್ರ ಹಾಕಬಾರದು, ಕೋಳಿ ನೀರು ಕುಡಿದೂ ಕುಡಿದೂ ಹಿಕ್ಕೆ ನೀರಾಗುತ್ತದೆ.

ಹಿಂಡಿಯ ವಿಷಯದಲ್ಲಿ ನಾನು ಒಂದು ಪಾಠವನ್ನು ದುಬಾರಿಯಾಗಿ ಕಲಿತೆ. ಹಿಂದಿನ ಮಳೆಗಾಲದಲ್ಲಿ ಒಂದು ಮೂಟೆ ಹಿಂಡಿಯನ್ನು ಅಗ್ಗವೆಂದು ಒಟ್ಟಿಗೆ ತಂದು ಸಿಮೆಂಟು ನೆಲದ ಮೇಲೆ ಇಟ್ಟಿದ್ದೆ. ಆಷಾಢದ ಜಡಿಮಳೆಗೆ ಮೂಟೆಯ ತಳ ಥಂಡಿ ಹಿಡಿದು ಹಸಿರು ಬೂಷ್ಟು ಬಂತು. ಬೂಷ್ಟು ಹಿಡಿದ ಹೆಂಟೆಗಳನ್ನು ಆರಿಸಿ ಎಸೆದು ಉಳಿದದ್ದನ್ನು ಹಾಕಿದೆ. ಹತ್ತು ದಿನಗಳಲ್ಲಿ ಕೋಳಿಗಳು ಮೇವು ಬಿಟ್ಟು ಗರಿ ಕೆದರಿಕೊಂಡು ಕೂತವು, ಎರಡು ಸತ್ತವು. ಅಫ್ಲಾಟಾಕ್ಸಿನ್ ಎಂಬ ಆ ವಿಷ ಬೂಷ್ಟು ಕಾಣದ ಭಾಗದಲ್ಲೂ ಇರಬಹುದು, ಬೇಯಿಸಿದರೂ ಸಾಮಾನ್ಯ ಶಾಖಕ್ಕೆ ಹೋಗುವುದಿಲ್ಲ ಎಂಬುದನ್ನು ಆಮೇಲೆ ತಿಳಿದೆ. ಈಗ ಹದಿನೈದು ದಿನಕ್ಕೆ ಆಗುವಷ್ಟೇ ತಂದು ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಇಡುತ್ತೇನೆ. ಕಲಸಿದ ಮೇವೂ ಹಾಗೆಯೇ. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಹಾಕಿ ಬಾನಿಯನ್ನು ತೊಳೆದಿಡಬೇಕು, ಮಧ್ಯಾಹ್ನದವರೆಗೆ ಉಳಿದರೆ ಹುಳಿಯುತ್ತದೆ.

ಸಂಜೆಯ ಚಿಪ್ಪು ಈ ಪದ್ಧತಿಯ ಜೀವಾಳವೆಂದು ನಾನು ನಂಬುತ್ತೇನೆ. ಒಂದು ಮೊಟ್ಟೆ ಕೋಳಿಯೊಳಗೆ ತಯಾರಾಗಲು 24ರಿಂದ 26 ಗಂಟೆ ಬೇಕು. ಅದರಲ್ಲಿ ಸುಮಾರು 20 ಗಂಟೆ ಚಿಪ್ಪು ಕಟ್ಟುವುದಕ್ಕೇ ಹೋಗುತ್ತದೆ, ಆ ಕೆಲಸದ ಬಹುಪಾಲು ನಡೆಯುವುದು ರಾತ್ರಿ, ಕೋಳಿ ಏನನ್ನೂ ತಿನ್ನದೆ ಕೂತಿರುವಾಗ. ಬೆಳಗ್ಗೆ ತಿಂದ ಚಿಪ್ಪಿನ ಪುಡಿ ಅಷ್ಟು ಹೊತ್ತಿಗೆ ಹೊಟ್ಟೆಯಿಂದ ಸಾಗಿರುತ್ತದೆ. ಸಂಜೆ ನುಂಗಿದ ದಪ್ಪ ತರಿ ಮೇವನ್ನು ಅರೆಯುವ ಗಟ್ಟಿ ಹೊಟ್ಟೆಯಲ್ಲಿ ನಿಂತು ನಿಧಾನವಾಗಿ ಕರಗುತ್ತ ರಾತ್ರಿಯಿಡೀ ಕ್ಯಾಲ್ಸಿಯಂ ಒದಗಿಸುತ್ತದೆ. ತರಿ ಜೋಳದ ನುಚ್ಚಿನಷ್ಟು ದಪ್ಪವಿರಬೇಕು. ಬೇರೆ ಬಟ್ಟಲಿನಲ್ಲಿಟ್ಟರೆ ಬೇಕಾದ ಕೋಳಿ ಬೇಕಾದಷ್ಟೇ ತಿನ್ನುತ್ತದೆ. ಮೊಟ್ಟೆ ನಿಲ್ಲಿಸಿದ ಹೇಟೆಗಳೂ ಹುಂಜಗಳೂ ಅದರ ಹತ್ತಿರ ಹೋಗಿದ್ದನ್ನು ನಾನು ಹೆಚ್ಚಾಗಿ ಕಂಡಿಲ್ಲ.

ಎಂಟು ವಾರಗಳ ಲೆಕ್ಕ ಹೀಗಿದೆ. ಕಾಳು ಎರಚಿದ ಗುಂಪು 118 ಮೊಟ್ಟೆಗಳನ್ನು ಕೊಟ್ಟಿತು. ಬಾಳೆಯ ಬುಡದಲ್ಲಿ ತಡವಾಗಿ ಸಿಕ್ಕ ಏಳೂ ಇದರಲ್ಲಿ ಸೇರಿವೆ. ಅವುಗಳಲ್ಲಿ 14 ತೆಳುಚಿಪ್ಪಿನವು ಅಥವಾ ಚಿಪ್ಪಿಲ್ಲದವು, ಎರಡು ಹೇಟೆಗಳು ನಡುವೆ ಕಾವಿಗೆ ಕೂತವು. ಮ್ಯಾಶ್ ತಿಂದ ಗುಂಪಿನಿಂದ 181, ಕೆಟ್ಟವು ಮೂರು. ಕಲಸಿದ ಮೇವಿನ ಗುಂಪಿನಿಂದ 172, ಕೆಟ್ಟವು ನಾಲ್ಕು. ಕೊಂಡು ಹಾಕಿದ ಮೇವು ಕ್ರಮವಾಗಿ 20, 42 ಮತ್ತು 34 ಕಿಲೋ. ಮೂರನೆಯ ಗುಂಪು ಇದರ ಜೊತೆಗೆ ಒಂದೂವರೆ ಕಿಲೋ ಚಿಪ್ಪಿನ ತರಿಯನ್ನು ತಿಂದಿತು. ಒಂದು ಒಳ್ಳೆಯ ಮೊಟ್ಟೆಗೆ ತಗಲಿದ ಮೇವನ್ನು ಲೆಕ್ಕ ಹಾಕಿದರೆ ಮೊದಲನೆಯದಕ್ಕೆ ಸುಮಾರು 190 ಗ್ರಾಂ, ಎರಡನೆಯದಕ್ಕೆ 235 ಗ್ರಾಂ, ಮೂರನೆಯದಕ್ಕೆ 200 ಗ್ರಾಂ. ಅತ್ತೆಯವರ ಪದ್ಧತಿ ಮಿತವ್ಯಯದಲ್ಲಿ ಸೋತಿಲ್ಲವೆಂಬುದನ್ನು ನಾನು ಸಂತೋಷದಿಂದಲೇ ಅವರಿಗೆ ಓದಿ ಹೇಳಿದೆ. ಆದರೆ ಹೆಚ್ಚುಕಡಿಮೆ ಅದೇ ಮೇವಿನ ಲೆಕ್ಕಕ್ಕೆ ಮೂರನೆಯ ಗುಂಪು 64 ಒಳ್ಳೆಯ ಮೊಟ್ಟೆಗಳನ್ನು ಹೆಚ್ಚಾಗಿ ಕೊಟ್ಟಿದೆ, ಕೋಳಿಯ ಎಲುಬನ್ನೂ ಉಳಿಸಿದೆ.

ಶುದ್ಧ ನಾಟಿ ಕೋಳಿ ಸಾಕಿ, ಮೊಟ್ಟೆಗಿಂತ ಮರಿ ಮಾಡಿಸುವುದಕ್ಕೆ ಗಮನ ಕೊಡುವವರಿಗೆ, ವಿಶಾಲವಾದ ಹೊಲವೂ ತಿಪ್ಪೆಯೂ ಇರುವವರಿಗೆ ಎರಚುವ ಪದ್ಧತಿಯೇ ಸಾಕು. ಅದಕ್ಕೆ ಸಂಜೆಯ ಚಿಪ್ಪನ್ನು ಸೇರಿಸಿಕೊಳ್ಳಲಿ ಎಂದಷ್ಟೇ ನಾನು ಕೇಳುತ್ತೇನೆ. ಮೈಸೂರಿನಂಥ ಊರಿನ ಬಡಾವಣೆಯಲ್ಲಿ ನಾಲ್ಕಾರು ಕೋಳಿಗಳನ್ನು ಕಾಂಪೌಂಡಿನೊಳಗೆ ಸಾಕುವವರಿಗೆ, ಹಗಲು ಮನೆಯಲ್ಲಿ ಇಲ್ಲದವರಿಗೆ ಮ್ಯಾಶ್ ವಾಸಿ. ಕೂಡಿಟ್ಟ ಕೋಳಿಗಳಿಗೆ ಸಣ್ಣ ಕಲ್ಲಿನ ಹರಳನ್ನೂ ಒಂದು ಹಿಡಿ ನುಗ್ಗೆಸೊಪ್ಪನ್ನೋ ಅಗಸೆಸೊಪ್ಪನ್ನೋ ಅವರು ಕೊಡಬೇಕು. ಬೆಳಗ್ಗೆ ಮುಕ್ಕಾಲು ಗಂಟೆ, ಸಂಜೆ ಅರ್ಧ ಗಂಟೆ ಬಿಡುವಿರುವ ನಮ್ಮಂಥ ಮನೆಗೆ ಮೂರನೆಯದು. ಬೇಸಿಗೆಯಲ್ಲಿ ಅದನ್ನೂ ಸ್ವಲ್ಪ ಬದಲಿಸುತ್ತೇನೆ: ಮಾರ್ಚ್ ಬಂದೊಡನೆ ಬೆಳಗಿನ ಮೇವನ್ನು ಆರು ಗಂಟೆಗೇ ಹಾಕಿ, ನೀರಿನ ಬಾನಿಗಳನ್ನು ಎರಡರಿಂದ ನಾಲ್ಕು ಮಾಡಿ ನೆರಳಿಗೆ ಸರಿಸುತ್ತೇನೆ, ಏಕೆಂದರೆ ತಿಂದ ಮೇವಿನ ಎರಡರಷ್ಟು ನೀರು ಕುಡಿಯುವ ಕೋಳಿ ಸೆಕೆಯಲ್ಲಿ ಅದಕ್ಕಿಂತಲೂ ಹೆಚ್ಚು ಕುಡಿಯುತ್ತದೆ, ನೀರು ಬಿಸಿಯಾದರೆ ಮೇವನ್ನೂ ಬಿಡುತ್ತದೆ.

ಯಾವ ಪದ್ಧತಿಯಿಂದ ಯಾವುದಕ್ಕೆ ಹೋದರೂ ಒಂದೇ ದಿನ ಬದಲಿಸದೆ, ಹೊಸ ಮೇವನ್ನು ಹಳೆಯದರಲ್ಲಿ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತ ಏಳರಿಂದ ಹತ್ತು ದಿನ ತೆಗೆದುಕೊಳ್ಳಬೇಕು. ಇನ್ನೂ ಮೊಟ್ಟೆಗೆ ಬಾರದ ಮರಿಗಳಿಗೆ ಮಾತ್ರ ಎರಡನೆಯ, ಮೂರನೆಯ ಬಾನಿಗಳೆರಡನ್ನೂ ದೂರವಿಡಬೇಕು. ಚಿಪ್ಪಿನ ಅಷ್ಟೊಂದು ಕ್ಯಾಲ್ಸಿಯಂ ಅವುಗಳ ಮೂತ್ರಪಿಂಡವನ್ನು ಕೆಡಿಸುತ್ತದೆ. ನಮ್ಮ ಮನೆಯಲ್ಲಿ ಮರಿಗಳ ಮೇವು ಈಗ ಪೂರ್ತಿಯಾಗಿ ಅತ್ತೆಯವರ ಕೈಯಲ್ಲಿದೆ. ಮರಿಗಳಿಗೆ ಅಂಗಡಿಯ ಮರಿಮೇವಿನ ಜೊತೆಗೆ ಗೆದ್ದಲಿನ ಮಡಕೆಯನ್ನು ಅವರು ವಾರಕ್ಕೆ ಮೂರು ಬಾರಿ ಕೊಡವುತ್ತಾರೆ.