ಮಳೆಗಾಲಕ್ಕೆ ಯಾವ ವೈಪರ್: ಫ್ರೇಮ್, ಫ್ಲ್ಯಾಟ್, ಸಿಲಿಕಾನ್, ಇಲ್ಲವೇ ಬರೀ ರಬ್ಬರ್?

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಬಿಸಿಲು, ನಮ್ಮ ಮಳೆ ಎರಡನ್ನೂ ಕಾಣುವ ಕಾರಿಗೆ ವರ್ಷಕ್ಕೊಮ್ಮೆ ಬದಲಿಸುವ ಸಾದಾ ಬ್ಲೇಡೇ ಮೇಲು. ಮೂರು ವರ್ಷ ಬಾಳಲಿ ಎಂದು ಕೊಂಡ ದುಬಾರಿ ಬ್ಲೇಡು ಅದರ ಸಮಕ್ಕೆ ಬರುವುದಿಲ್ಲ. ಕಾರಣ ರಬ್ಬರಿನಲ್ಲಿದೆ. ಗಾಜನ್ನು ಮುಟ್ಟುವುದು ರಬ್ಬರಿನ ತೀರಾ ತೆಳ್ಳಗಿನ ಅಂಚು ಮಾತ್ರ. ಬ್ಲೇಡು ಅತ್ತ ಹೋಗುವಾಗ ಈ ಅಂಚು ಒಂದು ಬದಿಗೆ ವಾಲಿರುತ್ತದೆ, ಇತ್ತ ಬರುವಾಗ ಇನ್ನೊಂದು ಬದಿಗೆ ಮಗುಚಿಕೊಳ್ಳಬೇಕು. ಬೇಸಿಗೆಯ ಬಿಸಿಲು, ಕಾದ ಗಾಜು, ಗಾಳಿಯಲ್ಲಿರುವ ಓಜೋನ್ ಮೂರೂ ಸೇರಿ ಅದನ್ನು ಗಟ್ಟಿ ಮಾಡುತ್ತವೆ. ಗಟ್ಟಿಯಾದ ಅಂಚು ಮಗುಚುವುದಿಲ್ಲ, ಗಾಜಿನ ಮೇಲೆ ಕುಪ್ಪಳಿಸುತ್ತದೆ. ಬ್ಲೇಡು ಮಳೆಯಲ್ಲಿ ಉಜ್ಜಿ ಸವೆಯುವುದಕ್ಕಿಂತ ಹೆಚ್ಚಾಗಿ ಬಿಸಿಲಲ್ಲಿ ಸುಮ್ಮನೆ ಬಿದ್ದು ಕೆಡುತ್ತದೆ. ಹಾಗಾಗಿ ಮಡಿಕೇರಿಯ ಕಾರಿಗೆ ಎಷ್ಟು ಸಲ ಬ್ಲೇಡು ಬೇಕೋ ರಾಯಚೂರಿನ ಕಾರಿಗೂ ಹೆಚ್ಚುಕಡಿಮೆ ಅಷ್ಟೇ ಸಲ ಬೇಕು. ಬದಲಿಸಲು ಸರಿಯಾದ ಸಮಯ ಮೇ ಕೊನೆ, ರೋಹಿಣಿ ಮಳೆಯ ಹೊತ್ತು. ಮಾರ್ಚ್‌ನಲ್ಲೇ ಹಾಕಿಸಿದರೆ ಹೊಸ ರಬ್ಬರನ್ನು ಮೂರು ತಿಂಗಳು ಬಿಸಿಲಿಗೆ ಒಣಗಿಸಿದಂತಾಗುತ್ತದೆ.

ಅಂಗಡಿಯಲ್ಲಿ ಸಿಗುವುದರಲ್ಲಿ ಎಲ್ಲಕ್ಕಿಂತ ಹಳೆಯ ಬಗೆ ಕಬ್ಬಿಣದ ಫ್ರೇಮ್ ಬ್ಲೇಡು. ತಕ್ಕಡಿಯ ದಂಡಿಗೆಯ ಹಾಗೆ ನಡುವೆ ಒಂದು ದೊಡ್ಡ ಕಮಾನು, ಅದರ ಎರಡೂ ತುದಿಗೆ ಸಣ್ಣ ಕಮಾನುಗಳು. ಆರ್ಮಿನ, ಅಂದರೆ ಬ್ಲೇಡನ್ನು ಹಿಡಿದು ಆಡಿಸುವ ತೋಳಿನ, ಸ್ಪ್ರಿಂಗ್ ಒತ್ತಡ ಇವುಗಳ ಮೂಲಕ ಆರೆಂಟು ಕಡೆ ಹಂಚಿಹೋಗಿ ರಬ್ಬರಿಗೆ ತಲುಪುತ್ತದೆ. ಗಾಜು ಎಷ್ಟೇ ಬಾಗಿದ್ದರೂ ಫ್ರೇಮ್ ಅದಕ್ಕೆ ಹೊಂದಿಕೊಳ್ಳುತ್ತದೆ, ಇದೇ ಇದರ ದೊಡ್ಡ ಗುಣ. ದೋಷ ಕೀಲುಗಳಲ್ಲಿದೆ. ಕೆಂಪು ಮಣ್ಣಿನ ರಸ್ತೆ, ಸಂಡೂರು ಕಡೆಯ ಅದಿರಿನ ಧೂಳು, ಕರಾವಳಿಯ ಉಪ್ಪುಗಾಳಿ, ಇವಕ್ಕೆ ಕೀಲು ಹಿಡಿದುಕೊಂಡರೆ ನಡುವೆ ಒರೆಸದ ಪಟ್ಟಿ ಉಳಿಯುತ್ತದೆ. ಹೆಸರಿರುವ ಕಂಪನಿಯ ಬ್ಲೇಡು ಉದ್ದಕ್ಕೆ ತಕ್ಕಂತೆ ಅಂದಾಜು 200ರಿಂದ 400 ರೂಪಾಯಿಗೆ ಸಿಗುತ್ತದೆ. ಹೆಸರೇ ಇಲ್ಲದ್ದು ನೂರಕ್ಕೂ ಸಿಗುತ್ತದೆ, ಆದರೆ ಅದರ ರಬ್ಬರಿನ ಅಂಚನ್ನು ನೋಡಿದರೆ ಸಾಕು: ಕತ್ತರಿಸಿದ ಕಡೆ ನೇರವಾಗಿರದೆ ಹಲ್ಲುಹಲ್ಲಾಗಿರುತ್ತದೆ. ಅಂಥದ್ದು ಮೊದಲ ದಿನವೇ ಗೆರೆ ಎಳೆಯುತ್ತದೆ.

ಫ್ಲ್ಯಾಟ್ ಬ್ಲೇಡು, ಅಂದರೆ ಫ್ರೇಮ್ ಇಲ್ಲದ್ದು, ನೋಡಲು ಚೆಂದ. ಕೀಲಿನ ಕೆಲಸವನ್ನು ಒಳಗಿನ ಬಾಗಿದ ಉಕ್ಕಿನ ಪಟ್ಟಿ ಮಾಡುತ್ತದೆ. ಕೆಸರು ಸಿಕ್ಕಿಕೊಳ್ಳಲು ಜಾಗವಿಲ್ಲ. ಮೇಲಿರುವ ಸ್ಪಾಯ್ಲರ್, ಅಂದರೆ ರೆಕ್ಕೆಯಂಥ ಪಟ್ಟಿ, ಗಾಳಿಯ ಬಲದಿಂದ ಬ್ಲೇಡನ್ನು ಗಾಜಿಗೆ ಒತ್ತುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿಯಂಥ ಕಡೆ ವೇಗದಲ್ಲಿ ಹೋಗುವಾಗ ಇದರ ಉಪಯೋಗ ನಿಜವಾಗಿಯೂ ತಿಳಿಯುತ್ತದೆ. ಫ್ರೇಮ್ ಬ್ಲೇಡು ಆ ವೇಗದಲ್ಲಿ ಗಾಜಿನಿಂದ ಸ್ವಲ್ಪ ಏಳುತ್ತದೆ. ಆದರೆ ಆ ಉಕ್ಕಿನ ಪಟ್ಟಿಯ ಬಾಗು ಒಂದೇ, ಕಾರುಗಳ ಗಾಜು ನೂರು ಬಗೆ. ಕಾರಿನ ಜೊತೆಗೇ ಬಂದ ಫ್ಲ್ಯಾಟ್ ಬ್ಲೇಡು ಆ ಗಾಜಿಗೆಂದೇ ಮಾಡಿದ್ದು, ಅದನ್ನು ಅದೇ ಬಗೆಯಿಂದಲೇ ಬದಲಿಸಿ. ಬಾಷ್‌ನ ಕ್ಲಿಯರ್ ಅಡ್ವಾಂಟೇಜ್‌ನಂಥವು ಹಲವು ಕಾರುಗಳಿಗೆ ಹೊಂದುವಂತೆ ಮಾಡಿದವು. ಹೆಚ್ಚು ಬಾಗಿಲ್ಲದ ಗಾಜಿಗೆ ಇವು ಚೆನ್ನಾಗಿ ಕೂರುತ್ತವೆ. ಅಂಚಿನಲ್ಲಿ ಗಾಜು ಜೋರಾಗಿ ತಿರುಗುವ ಕಾರುಗಳಲ್ಲಿ ಮಾತ್ರ ತುದಿಯ ಎರಡು ಮೂರು ಇಂಚು ಗಾಳಿಯಲ್ಲೇ ನಿಲ್ಲುತ್ತದೆ. ಕೊಳ್ಳುವ ಮುಂಚೆ ಗಾಜಿನ ಮೇಲಿಟ್ಟು ನೋಡಲು ಅಂಗಡಿಯವರು ಬಿಟ್ಟರೆ, ನಡುವೆ ಬೆರಳಿನಿಂದ ಮೆಲ್ಲಗೆ ಒತ್ತಿ ಎರಡೂ ತುದಿ ಗಾಜಿಗೆ ತಾಗುತ್ತವೆಯೇ ಎಂದು ನೋಡಿ. ತಾಗದಿದ್ದರೆ ವಾಪಸ್ ಕೊಡಿ, ಓಡಿಸುತ್ತಾ ಓಡಿಸುತ್ತಾ ಸರಿಹೋಗುತ್ತದೆ ಎಂಬ ಮಾತನ್ನು ನಂಬಬೇಡಿ.

ವಿದೇಶದಿಂದ ತರಿಸುವವರಿಗೆ ಒಂದು ಮಾತು. ಅಮೆರಿಕದಲ್ಲಿ, ಯುರೋಪಿನ ಹೆಚ್ಚಿನ ದೇಶಗಳಲ್ಲಿ ಸ್ಟಿಯರಿಂಗ್ ಎಡಗಡೆ, ವೈಪರ್ ಹೊರಳುವ ದಿಕ್ಕೂ ನಮ್ಮದಕ್ಕೆ ತಿರುಗಮುರುಗ. ಸ್ಪಾಯ್ಲರ್ ಒಂದೇ ಬದಿಗೆ ಓರೆಯಾಗಿರುವ ಬ್ಲೇಡನ್ನು ಅಲ್ಲಿಂದ ತಂದು ಇಲ್ಲಿ ಹಾಕಿದರೆ ಗಾಳಿ ಅದನ್ನು ಒತ್ತುವ ಬದಲು ಎತ್ತುತ್ತದೆ. ಸ್ಪಾಯ್ಲರ್ ಎರಡೂ ಬದಿಗೆ ಸಮನಾಗಿದ್ದರೆ ತೊಂದರೆಯಿಲ್ಲ.

ಸಿಲಿಕಾನ್ ಬ್ಲೇಡಿನ ಬಗ್ಗೆ ಹೊಗಳಿಕೆ ಜಾಸ್ತಿ. ಬಿಸಿಲಿಗೆ ಅದು ಸಾದಾ ರಬ್ಬರಿಗಿಂತ ಚೆನ್ನಾಗಿ ತಡೆಯುತ್ತದೆ ಎಂಬುದು ನಿಜ. ಉಜ್ಜಿದಂತೆ ಗಾಜಿನ ಮೇಲೆ ತೆಳುವಾದ ಸಿಲಿಕಾನ್ ಪದರ ಬಿಟ್ಟು ನೀರನ್ನು ಹನಿಹನಿಯಾಗಿಸುತ್ತದೆ. ಆ ಹನಿಗಳು ತಾವಾಗಿ ಹಾರಿಹೋಗಲು ವೇಗ ಬೇಕು. ಚಾರ್ಮಾಡಿಯಲ್ಲೋ ಆಗುಂಬೆಯ ತಿರುವುಗಳಲ್ಲೋ ಇಪ್ಪತ್ತು ಮೂವತ್ತರಲ್ಲಿ ಹೋಗುವಾಗ ಅವು ಹಾರುವುದಿಲ್ಲ, ಗಾಜಿನ ಮೇಲೆ ಮುತ್ತುಮುತ್ತಾಗಿ ಕೂತು ಎದುರಿನ ಲಾರಿಯ ಹೆಡ್‌ಲೈಟನ್ನು ಚದುರಿಸುತ್ತವೆ. ಗಾಜಿನಲ್ಲಿ ಎಣ್ಣೆಯಂಶವಿದ್ದರೆ ನಡುಕವೂ ಬೇಗ ಶುರುವಾಗುತ್ತದೆ. ಜೋಡಿಗೆ ಸಾವಿರ ರೂಪಾಯಿಗೂ ಮೇಲೆ ಕೊಟ್ಟು ಘಾಟಿಯಲ್ಲಿ ಓಡಿಸುವವರಿಗೆ ಇದು ಬೇಡವೆನ್ನುತ್ತೇನೆ. ಹೆದ್ದಾರಿಯಲ್ಲೇ ಹೆಚ್ಚು ಓಡಾಟವಿದ್ದರೆ ಯೋಚಿಸಬಹುದು.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಲಾಭದ್ದು ಬರೀ ರಬ್ಬರ್, ಅಂಗಡಿಯವರ ಮಾತಿನಲ್ಲಿ ರೀಫಿಲ್. ಟೊಯೊಟಾ, ಹೋಂಡಾ ಮುಂತಾದ ಜಪಾನಿ ಕಂಪನಿಗಳ ಹಲವು ಕಾರುಗಳ ಬ್ಲೇಡಿನಲ್ಲಿ ಫ್ರೇಮನ್ನು ಉಳಿಸಿಕೊಂಡು ರಬ್ಬರ್ ಪಟ್ಟಿಯನ್ನಷ್ಟೇ ಬದಲಿಸಬಹುದು. ಫ್ರೇಮಿನ ಕೀಲುಗಳು ಸಲೀಸಾಗಿ ಆಡುತ್ತಿದ್ದರೆ ಇದಕ್ಕಿಂತ ಅಗ್ಗದ, ಕರಾರುವಾಕ್ಕಾದ ದಾರಿ ಇಲ್ಲ. ಕೆಲಸ ಮಾತ್ರ ಸ್ವಲ್ಪ ನಾಜೂಕಿನದು. ರಬ್ಬರಿನ ಒಂದು ತುದಿಯಲ್ಲಿ ಉಬ್ಬಿದ ಬೀಗವಿರುತ್ತದೆ, ಫ್ರೇಮಿನ ಕೊನೆಯ ಉಗುರು (ರಬ್ಬರನ್ನು ಹಿಡಿಯುವ ಬಾಗಿದ ತುದಿ) ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಆ ತುದಿಯನ್ನು ಹಿಂಡಿ ಎಳೆದರೆ ಬೀಗ ಬಿಟ್ಟು ಇಡೀ ಪಟ್ಟಿ ಜಾರಿಬರುತ್ತದೆ. ರಬ್ಬರಿನ ಎರಡೂ ಪಕ್ಕದ ಉಕ್ಕಿನ ಕಡ್ಡಿಗಳನ್ನು ಬಿಸಾಡಬೇಡಿ, ಹೊಸ ರಬ್ಬರಿನ ಜೊತೆ ಅವು ಬರದೇ ಇರಬಹುದು. ಕಡ್ಡಿಯ ಬಾಗು ಯಾವ ಕಡೆಗಿತ್ತು, ಕಚ್ಚು ಎಲ್ಲಿತ್ತು, ಬೀಗದ ತುದಿ ಎತ್ತ ಇತ್ತು ಎಂದು ಒಂದು ಫೋಟೊ ತೆಗೆದುಕೊಳ್ಳಿ, ಹೊಸದನ್ನೂ ಹಾಗೇ ಕೂರಿಸಿ. ಪ್ರತಿಯೊಂದು ಉಗುರಿನೊಳಗೂ ರಬ್ಬರ್ ಹೋಗಿರಬೇಕು. ಒಂದೇ ಒಂದು ತಪ್ಪಿದರೂ ಆ ಉಗುರು ಗಾಜಿನ ಮೇಲೆ ಗೀರು ಎಳೆಯುತ್ತದೆ.

ಅಳತೆಯಲ್ಲಿ ಎಡವುವುದು ಸುಲಭ. ಒಂದೇ ಹೆಸರಿನ ಕಾರಿನಲ್ಲೂ ತಲೆಮಾರು ಬದಲಾದಾಗ ಬ್ಲೇಡಿನ ಉದ್ದ ಬದಲಾಗಿರಬಹುದು. ಆದ್ದರಿಂದ ಕಾರಿನ ಹೆಸರಿನ ಜೊತೆ ತಯಾರಾದ ವರ್ಷವನ್ನೂ ಹೇಳಿ, ಇಲ್ಲವೇ ಟೇಪ್ ಹಿಡಿದು ರಬ್ಬರನ್ನು ತುದಿಯಿಂದ ತುದಿಗೆ ಅಳೆಯಿರಿ. ಎರಡೂ ಬದಿ ಅಳೆಯಬೇಕು, ಏಕೆಂದರೆ ಹೆಚ್ಚಿನ ಕಾರುಗಳಲ್ಲಿ ಚಾಲಕನ ಬದಿಯದು ಉದ್ದ, ಪಕ್ಕದವರದು ಗಿಡ್ಡ. ಡಬ್ಬಿಯ ಮೇಲೆ ಇಂಚು, ಮಿಲಿಮೀಟರ್ ಎರಡೂ ಇರುತ್ತವೆ: 16 ಇಂಚಿಗೆ 400, 20ಕ್ಕೆ 500, 24ಕ್ಕೆ 600, 26ಕ್ಕೆ 650. ಒಂದು ಇಂಚು ಗಿಡ್ಡದ್ದು ಹಾಕಿದರೆ ಅಷ್ಟು ಜಾಗ ಒರೆಸುವುದಿಲ್ಲ, ಅಷ್ಟೇ. ಉದ್ದದ್ದು ಹಾಕಿದರೆ ತೊಂದರೆ ಹಲವು. ಎರಡು ಬ್ಲೇಡುಗಳು ನಡುವೆ ಒಂದಕ್ಕೊಂದು ಬಡಿಯಬಹುದು, ತುದಿ ಪಕ್ಕದ ಕಂಬಕ್ಕೆ ತಾಗಬಹುದು, ಮೋಟರಿಗೆ ಹೊರೆಯಾಗಬಹುದು. ಸ್ಪ್ರಿಂಗಿನ ಒತ್ತಡವೂ ಹೆಚ್ಚು ಉದ್ದಕ್ಕೆ ಹಂಚಿಹೋಗಿ ಒರೆಸುವುದೇ ಸಡಿಲವಾಗುತ್ತದೆ.

ಇನ್ನು ಕೊಕ್ಕೆ. ನಮ್ಮಲ್ಲಿ ಬಹುಪಾಲು ಕಾರುಗಳ ಆರ್ಮಿನ ತುದಿ ಇಂಗ್ಲಿಷಿನ ಯು ಅಕ್ಷರದಂತೆ ಬಾಗಿರುತ್ತದೆ. ಇದಕ್ಕೆ ಅಂಗಡಿಯ ಹೆಚ್ಚಿನ ಬ್ಲೇಡುಗಳು ಹೊಂದುತ್ತವೆ. ಯುರೋಪಿನ ಕಂಪನಿಗಳ ಕೆಲವು ಕಾರುಗಳಲ್ಲಿ ಗುಂಡಿ ಒತ್ತಿ ಬಿಡಿಸುವುದೋ, ಪಕ್ಕದಿಂದ ಪಿನ್ ತೂರಿಸುವುದೋ ಇರುತ್ತದೆ. ಅದಕ್ಕೆ ಬೇರೆ ಅಡಾಪ್ಟರ್ ಬೇಕು. ಹಳೆಯ ಬ್ಲೇಡನ್ನು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ಅಂಗಡಿಗೆ ಹೋದರೆ ವಾದವೇ ಇರುವುದಿಲ್ಲ.

ಬದಲಿಸುವ ಕೆಲಸ ಹತ್ತು ನಿಮಿಷದ್ದು, ಕೈಯೇ ಸಾಕು. ಆದರೂ ಮೊದಲು ಒಂದು ದಪ್ಪ ಟವೆಲನ್ನು ಮಡಚಿ ಗಾಜಿನ ಮೇಲೆ ಹಾಸಿ. ಬ್ಲೇಡು ಕಳಚಿದ ಆರ್ಮ್ ಕೈತಪ್ಪಿ ಬಿದ್ದರೆ ಬರೀ ಕಬ್ಬಿಣದ ತುದಿ ಸ್ಪ್ರಿಂಗಿನ ಬಲದಲ್ಲಿ ಗಾಜಿಗೆ ಬಡಿಯುತ್ತದೆ. ಮುನ್ನೂರು ರೂಪಾಯಿಯ ಕೆಲಸ ಸಾವಿರಾರು ರೂಪಾಯಿಯ ಗಾಜಿಗೆ ಬಂದು ನಿಲ್ಲುವುದು ಹೀಗೆ. ವೈಪರುಗಳು ಬಾನೆಟ್ಟಿನ ಅಂಚಿನ ಕೆಳಗೆ ಅಡಗಿದ್ದರೆ ಬಲವಂತವಾಗಿ ಎತ್ತಬೇಡಿ, ಬಣ್ಣ ಹೋಗುತ್ತದೆ. ಸ್ಕೋಡಾ, ಫೋಕ್ಸ್‌ವ್ಯಾಗನ್‌ನ ಅಂಥ ಹಲವು ಕಾರುಗಳಲ್ಲಿ ಇಗ್ನಿಷನ್ ಆಫ್ ಮಾಡಿದ ಹತ್ತು ಸೆಕೆಂಡಿನೊಳಗೆ ವೈಪರಿನ ಲಿವರನ್ನು ಒಮ್ಮೆ ಕೆಳಗೊತ್ತಿದರೆ ಆರ್ಮುಗಳು ತಾವೇ ಮೇಲೆ ಬಂದು ನಿಲ್ಲುತ್ತವೆ.

ಆರ್ಮನ್ನು ಎತ್ತಿ ನಿಲ್ಲಿಸಿ, ಬ್ಲೇಡನ್ನು ಅದಕ್ಕೆ ಅಡ್ಡಲಾಗಿ ತಿರುಗಿಸಿ, ಕೊಕ್ಕೆಯೊಳಗಿನ ಪ್ಲಾಸ್ಟಿಕ್ ನಾಲಿಗೆಯನ್ನು ಒತ್ತಿ ಹಿಡಿಯಿರಿ. ಹಾಗೇ ಬ್ಲೇಡನ್ನು ಆರ್ಮಿನ ಬುಡದ ಕಡೆಗೆ ತಳ್ಳಿದರೆ ಕೊಕ್ಕೆಯಿಂದ ಜಾರುತ್ತದೆ. ಮೇಲಕ್ಕೆ ಎಳೆದರೆ ಬರುವುದಿಲ್ಲ, ಹೊಸಬರು ಕ್ಲಿಪ್ ಮುರಿಯುವುದು ಇಲ್ಲೇ. ಹೊಸದನ್ನು ತೂರಿಸಿ ಬುಡದಿಂದ ತುದಿಯ ಕಡೆಗೆ ಎಳೆದಾಗ ಟಕ್ ಎನ್ನಬೇಕು. ಸದ್ದು ಬರದಿದ್ದರೆ ಕೂತಿಲ್ಲ, ಮೊದಲ ಜೋರು ಮಳೆಯಲ್ಲೇ ಹಾರುತ್ತದೆ. ಫ್ಲ್ಯಾಟ್ ಬ್ಲೇಡಿನ ಮುಚ್ಚಳ ತೆರೆದು ಕೊಕ್ಕೆ ಕೂರಿಸಿದ ಮೇಲೆ ಮುಚ್ಚಳ ಹಾಕಲು ಮರೆಯಬೇಡಿ. ಹೊಸ ರಬ್ಬರಿನ ಅಂಚಿಗೆ ತೊಡಿಸಿರುವ ಪ್ಲಾಸ್ಟಿಕ್ ಕವಚವನ್ನು ಕಿತ್ತುಹಾಕಿ. ಅದನ್ನು ಬಿಟ್ಟೇ ಓಡಿಸಿ ಬ್ಲೇಡು ಸರಿಯಿಲ್ಲ ಎಂದು ದೂರುವವರು ಕಡಿಮೆಯೇನಲ್ಲ. ಅಂಚನ್ನು ಬೆರಳಿನಿಂದ ಸವರಬೇಡಿ, ಅದರ ಮೇಲಿನ ಗ್ರಾಫೈಟ್ ಪುಡಿ ಹೋದರೆ ಕಿರುಗುಟ್ಟುತ್ತದೆ. ಆರ್ಮನ್ನು ಕೈಯಲ್ಲೇ ಹಿಡಿದು ಮೆಲ್ಲಗೆ ಇಳಿಸಿ, ಗಾಜಿಗೆ ನೀರು ಹಾಕಿದ ಮೇಲಷ್ಟೇ ವೈಪರ್ ಓಡಿಸಿ ನೋಡಿ.

ಹೊಸದು ಹಾಕಿದ ಮೇಲೂ ಸರಿಯಾಗದಿದ್ದರೆ ಗಾಜಿನ ಮೇಲಿನ ಗುರುತೇ ಕಾರಣ ಹೇಳುತ್ತದೆ. ಸಣ್ಣ ಗೆರೆಗಳು ಬಿದ್ದರೆ ಅಂಚಿಗೆ ಕಸ ಅಂಟಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿ. ಒರೆಸಿದ ಮೇಲೂ ಅದೇ ಜಾಗದಲ್ಲಿ ಗೆರೆ ಬಂದರೆ ಅಂಚು ಹರಿದಿದೆ. ಬ್ಲೇಡು ಹೋಗುವಾಗ ಸುಮ್ಮನಿದ್ದು ಬರುವಾಗ ಮಾತ್ರ ಗಡಗಡ ನಡುಗಿದರೆ ಬ್ಲೇಡಿನ ತಪ್ಪಲ್ಲ, ಆರ್ಮ್ ತಿರುಚಿದೆ. ಬ್ಲೇಡು ಅರ್ಧ ದಾರಿಯಲ್ಲಿರುವಾಗ ನಿಲ್ಲಿಸಿ ನೋಡಿದರೆ ರಬ್ಬರ್ ಗಾಜಿಗೆ ನೆಟ್ಟಗೆ, 90 ಡಿಗ್ರಿಯಲ್ಲಿ ನಿಂತಿರಬೇಕು. ಒಂದು ಕಡೆಗೆ ಒರಗಿದ್ದರೆ ಆರ್ಮಿಗೆ ಬಟ್ಟೆ ಸುತ್ತಿ, ಎರಡು ಇಕ್ಕಳದಲ್ಲಿ ಹಿಡಿದು ತುಸುವೇ ತಿರುಚಿ ನೆಟ್ಟಗೆ ಮಾಡಬಹುದು. ಇದನ್ನು ಮಾಡದೆ ಬ್ಲೇಡಿನ ಮೇಲೆ ಬ್ಲೇಡು ಬದಲಿಸುವ ಗ್ಯಾರೇಜುಗಳಿವೆ. ಎರಡೂ ಕಡೆಗೆ ನಡುಗಿದರೆ ಗಾಜಿನ ಮೇಲೆ ಪಾಲಿಶ್ ಇದೆ. ವಾಟರ್ ವಾಶ್ ಮಾಡುವಲ್ಲಿ ಡ್ಯಾಶ್‌ಬೋರ್ಡಿಗೆ ಪಾಲಿಶ್ ಹಚ್ಚಿದ ಬಟ್ಟೆಯಲ್ಲೇ ಗಾಜನ್ನೂ ಉಜ್ಜಿರುತ್ತಾರೆ, ಮೊದಲು ಅನುಮಾನಿಸಬೇಕಾದ್ದು ಅದನ್ನೇ.

ಬ್ಲೇಡಿನ ಬಹುಭಾಗ ಒರೆಸದೇ ನೀರು ಉಳಿದರೆ ಸ್ಪ್ರಿಂಗ್ ಸೋತಿದೆ. ಸಾಮಾನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಆರ್ಮಿನ ತುದಿಗೆ ಸಿಕ್ಕಿಸಿ, ಬ್ಲೇಡು ಗಾಜು ಬಿಡುವವರೆಗೆ ನೆಟ್ಟಗೆ ಎಳೆಯಿರಿ. ಬ್ಲೇಡಿನ ಪ್ರತಿ ಇಂಚಿಗೆ ಸುಮಾರು 25ರಿಂದ 30 ಗ್ರಾಂ ತೋರಿಸಬೇಕು, 24 ಇಂಚಿನದಕ್ಕೆ 600 ಗ್ರಾಮಿಗಿಂತ ಕೆಳಗಿದ್ದರೆ ಆರ್ಮನ್ನೇ ಬದಲಿಸುವುದು ಸರಿ.

ಒರೆಸಿದ ಮರುಕ್ಷಣವೇ ತೆಳುವಾದ ಮಬ್ಬು ಹರಡಿದರೆ ಅದು ಡೀಸೆಲ್ ಹೊಗೆಯ ಜಿಡ್ಡು, ಇಲ್ಲವೇ ಹೊಂಗೆ, ಮಾವಿನ ಮರದಡಿ ನಿಲ್ಲಿಸಿದಾಗ ಉದುರುವ ಅಂಟು. ಶಾಂಪೂವಿಗೆ ಪೂರ್ತಿ ಹೋಗದಿದ್ದರೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಿ. ಮೇಲೆ ಸುರಿದ ನೀರು ಚೂರುಚೂರಾಗದೆ ಒಂದೇ ಹಾಳೆಯಾಗಿ ಇಳಿದರೆ ಗಾಜು ಶುದ್ಧವಾಗಿದೆ ಎಂದರ್ಥ. ಬೋರ್‌ವೆಲ್ ನೀರಿನ ಬಿಳಿ ಚುಕ್ಕೆಗಳಿಗೆ ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ಐದು ನಿಮಿಷ ಹೊದಿಸಿಟ್ಟು ತೊಳೆಯಿರಿ. ಅದೇ ಬೋರ್‌ವೆಲ್ ನೀರನ್ನು ವಾಷರ್ ಟ್ಯಾಂಕಿಗೂ ಹಾಕಿದರೆ ಸುಣ್ಣ ಕಟ್ಟಿ ನಾಜಲ್ ಮುಚ್ಚುತ್ತದೆ. ಸೂಜಿಯಿಂದ ಬಿಡಿಸಬಹುದಾದರೂ ಫಿಲ್ಟರ್ ನೀರು ಹಾಕುವುದೇ ಲೇಸು. ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ, ನೊರೆ ಕಟ್ಟಿ ಒಣಗಿ ಮತ್ತದೇ ಮಬ್ಬು ತರುತ್ತದೆ. ಮಬ್ಬು ಒಳಗಿನದಾಗಿದ್ದರೆ ಎ.ಸಿ. ಹಾಕಿ ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ. ಬೆರಳಿನಿಂದ ಒಳಗೊಮ್ಮೆ ಗೀಚಿ ನೋಡದೆ ವೈಪರನ್ನು ಬೈಯಬೇಡಿ.

ಬಿಸಿಲಲ್ಲಿ ವೈಪರ್ ಎತ್ತಿ ನಿಲ್ಲಿಸುವ ರೂಢಿಯಿಂದ ಕಾದ ಗಾಜಿನ ಶಾಖ ತಪ್ಪುತ್ತದೆ, ಬಿಸಿಲು ತಪ್ಪುವುದಿಲ್ಲ. ಜೊತೆಗೆ ಗಾಳಿಗೋ ಓಡಾಡುವವರ ಕೈಗೋ ಸಿಕ್ಕಿ ಬಡಿಯುವ ಭಯ ಬೇರೆ. ನೆರಳು ಹುಡುಕುವುದು ಒಳ್ಳೆಯದು. ಧೂಳು ಕೂತ ಗಾಜಿನ ಮೇಲೆ ಒಣ ವೈಪರ್ ಮಾತ್ರ ಎಂದೂ ಓಡಿಸಬೇಡಿ. ಆ ಕಮಾನಿನಾಕಾರದ ಗೀರುಗಳನ್ನು ಯಾವ ಹೊಸ ಬ್ಲೇಡೂ ಅಳಿಸಲಾರದು.

ಹಿಂಗಾಜಿನ ವೈಪರನ್ನು ಕಂಪನಿಯ ಬಿಡಿಭಾಗದ ಕೌಂಟರಿನಲ್ಲೇ ಕೊಳ್ಳಿ. ಅದರ ಕ್ಲಿಪ್ ಕಾರಿನಿಂದ ಕಾರಿಗೆ ಬೇರೆ, ಎಲ್ಲಕ್ಕೂ ಹೊಂದುತ್ತದೆ ಎಂದು ಮಾರುವವು ಸಡಿಲವಾಗಿ ಕೂರುತ್ತವೆ. ಎಲ್ಲಿಯೇ ಕೊಂಡರೂ ಡಬ್ಬಿಯ ಮೇಲೆ ತಯಾರಾದ ತಿಂಗಳು, ವರ್ಷ ನೋಡಿ. ಎರಡು ವರ್ಷ ಅಂಗಡಿಯಲ್ಲಿ ತೂಗಿದ ಬ್ಲೇಡು ಹೊಸದಾಗಿ ಕಂಡರೂ ಅದರ ರಬ್ಬರಿನ ಆಯುಸ್ಸು ಅಷ್ಟು ಕಳೆದಿರುತ್ತದೆ. ರಿಯಾಯಿತಿ ಹೆಚ್ಚು ಸಿಗುವುದೂ ಅಂಥವಕ್ಕೇ.