ಮಣ್ಣಿನ ಹೊರಾಂಗಣ ಅಗ್ಗಿಷ್ಟಿಕೆ: ಒಡೆದ ಒಂದು, ಉಳಿದ ಒಂದು, ಐದು ವರ್ಷದ ಬಳಕೆ

ನಮ್ಮ ಹಿತ್ತಲಿನಲ್ಲಿ ಈಗ ನಿಂತಿರುವುದು ನನ್ನ ಎರಡನೆಯ ಮಣ್ಣಿನ ಅಗ್ಗಿಷ್ಟಿಕೆ. ಮೊದಲನೆಯದು ಹನ್ನೊಂದು ತಿಂಗಳಿಗೆ ಒಡೆದುಹೋಯಿತು. ಇದಕ್ಕೆ ನಾಲ್ಕು ವರ್ಷ ತುಂಬಿದೆ. ಎರಡೂ ಒಂದೇ ಬಗೆಯವು, ಎತ್ತರದಲ್ಲಿಯೂ ಹೆಚ್ಚುಕಡಿಮೆ ಒಂದೇ ಅಳತೆಯವು. ಹಾಗಾಗಿ ಮೊದಲನೆಯದು ಹೋದದ್ದಕ್ಕೆ ಮಾಡಿದವರನ್ನಾಗಲಿ ಮಾರಿದವರನ್ನಾಗಲಿ ದೂರುವಂತಿಲ್ಲ, ತಪ್ಪು ನನ್ನದೇ ಆಗಿತ್ತು. ಇಂಥದ್ದೊಂದನ್ನು ಕೊಳ್ಳುವ ಯೋಚನೆಯಲ್ಲಿರುವವರಿಗೆ ಆ ತಪ್ಪಿನ ವಿವರವೇ ಹೆಚ್ಚು ಉಪಯೋಗಕ್ಕೆ ಬಂದೀತೆಂದು ಅದನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಈ ವಸ್ತುವನ್ನು ಚಿಮಿನಿಯಾ ಎಂದು ಕರೆಯುತ್ತಾರೆ. ಒಲೆಗೂಡು, ಹೊಗೆಗೊಳವೆ ಎಂಬ ಅರ್ಥದ ಸ್ಪ್ಯಾನಿಷ್ ಪದದಿಂದ ಬಂದ ಹೆಸರಿದು. ಇದರ ರೂಪ ಮೆಕ್ಸಿಕೋ ದೇಶದ ಮಣ್ಣಿನ ಒಲೆಗಳದು. ದುಂಡನೆಯ ಹೊಟ್ಟೆ, ಮುಂದುಗಡೆ ಅಗಲವಾದ ಬಾಯಿ, ಮೇಲಕ್ಕೆ ಕಿರಿದಾಗುತ್ತ ಹೋಗುವ ಕೊರಳು, ಕೆಳಗೆ ಇದೆಲ್ಲವನ್ನೂ ಹೊರುವ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು. ಬೆಂಕಿ ಹೊಟ್ಟೆಯಲ್ಲಿ ಉರಿಯುತ್ತದೆ, ಬಿಸಿಯಾಗಿ ಹಗುರಾದ ಗಾಳಿ ಹೊಗೆಯನ್ನು ಹೊತ್ತುಕೊಂಡು ಕೊರಳಿನಿಂದ ಮೇಲೇರುತ್ತದೆ, ಅದರ ಜಾಗವನ್ನು ತುಂಬಲು ಬಾಯಿಂದ ಹೊಸ ಗಾಳಿ ನುಗ್ಗುತ್ತದೆ. ತೆರೆದ ಬೆಂಕಿಗುಂಡಿಯ ಸುತ್ತ ಕುಳಿತವರು ಹೊಗೆ ತಿರುಗಿದಂತೆಲ್ಲ ಕುರ್ಚಿ ಬದಲಿಸಬೇಕು. ಇಲ್ಲಿ ಹೊಗೆ ತಲೆಯ ಮೇಲೆ ಹೋಗುತ್ತದೆ. ನಾನು ಇದನ್ನು ತಂದದ್ದು ಆ ಒಂದೇ ಕಾರಣಕ್ಕೆ.

ಮೊದಲನೆಯದು ಒಡೆದ ಸಂಜೆಯನ್ನು ಹೇಳಿಬಿಡುತ್ತೇನೆ. ಎರಡು ದಿನ ಎಡೆಬಿಡದೆ ಮಳೆ ಸುರಿದಿತ್ತು. ಅಗ್ಗಿಷ್ಟಿಕೆಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಹಗ್ಗದಿಂದ ಬಿಗಿದು ಕಟ್ಟಿದ್ದೆ. ಬಿಚ್ಚಿದಾಗ ಹಾಳೆಯ ಒಳಮೈ ಬೆವರಿತ್ತು, ಮಣ್ಣಿನ ಬಣ್ಣ ತಳದಿಂದ ಒಂದು ಗೇಣಿನಷ್ಟು ಮೇಲಕ್ಕೆ ಕಪ್ಪಾಗಿತ್ತು. ಅದು ನೀರು ಕುಡಿದ ಗುರುತೆಂದು ಆಗ ನನಗೆ ಹೊಳೆಯಲಿಲ್ಲ. ಮನೆಗೆ ನೆಂಟರು ಬಂದಿದ್ದರು, ಚಳಿಯೂ ಇತ್ತು, ಹೊಟ್ಟೆ ತುಂಬ ಸೌದೆ ಒಟ್ಟಿ ಒಂದೇ ಸಲಕ್ಕೆ ದೊಡ್ಡ ಬೆಂಕಿ ಮಾಡಿದೆ. ಅರ್ಧ ಗಂಟೆಯೊಳಗೆ ಬೆರಳು ನೆಟಿಕೆ ಮುರಿದಂಥ ಒಂದು ಸದ್ದು ಕೇಳಿಸಿತು. ಬಾಯಿಯ ಎಡಮೂಲೆಯಿಂದ ಹೊರಟ ಬಿರುಕು ನಾವು ನೋಡುತ್ತಿದ್ದಂತೆಯೇ ಹೊಟ್ಟೆಯ ಹಿಂಭಾಗಕ್ಕೆ ಹರಿಯಿತು. ಗಾಬರಿಯಲ್ಲಿ ಒಂದು ಬಕೆಟ್ ನೀರು ತಂದು ಬೆಂಕಿಗೆ ಸುರಿದೆ. ಬಿರುಕು ಬಿಟ್ಟಿದ್ದರೂ ಇಡಿಯಾಗಿ ನಿಂತಿದ್ದ ಅಗ್ಗಿಷ್ಟಿಕೆ ಆ ನೀರು ಬಿದ್ದ ಕೂಡಲೇ ಎರಡು ಹೋಳಾಯಿತು, ಕೆಂಡವೆಲ್ಲ ಅಂಗಳಕ್ಕೆ ಚೆಲ್ಲಿತು. ಕಲ್ಲು ಹಾಸಿದ ನೆಲವಾದ್ದರಿಂದ ಯಾರಿಗೂ ಏನೂ ಆಗಲಿಲ್ಲ.

ಒಂದು ಸಂಜೆಯಲ್ಲಿ ನಾನು ಮಾಡಿದ ತಪ್ಪು ಎರಡು. ತಗ್ಗು ಶಾಖದಲ್ಲಿ ಸುಟ್ಟ ಮಣ್ಣಿನ ಮೈಯಲ್ಲಿ ಸೂಕ್ಷ್ಮ ರಂಧ್ರಗಳಿರುತ್ತವೆ. ಹೂಜಿ ನೀರನ್ನು ತಂಪಾಗಿಡುವುದು ಯಾವ ಗುಣದಿಂದಲೋ ಅದೇ ಗುಣ ಅಗ್ಗಿಷ್ಟಿಕೆಗೆ ಶತ್ರು. ಗೋಡೆಯೊಳಗೆ ಕುಳಿತ ನೀರು 100 ಡಿಗ್ರಿ ಸೆಲ್ಸಿಯಸ್ ದಾಟಿ ಆವಿಯಾದಾಗ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗಲು ನೋಡುತ್ತದೆ, ಬೆಂಕಿ ನಿಧಾನವಾಗಿದ್ದರೆ ರಂಧ್ರಗಳಿಂದ ಹೊರಬೀಳುತ್ತದೆ, ಅವಸರದ ಬೆಂಕಿಯಾದರೆ ದಾರಿ ಸಾಲದೆ ಗೋಡೆಯನ್ನೇ ಸೀಳುತ್ತದೆ. ಎರಡನೆಯದು ಒಳಮೈಗೂ ಹೊರಮೈಗೂ ಇರುವ ಶಾಖದ ಅಂತರ. ಸುಟ್ಟ ಮಣ್ಣು ಒತ್ತಡವನ್ನು ಚೆನ್ನಾಗಿಯೇ ತಾಳುತ್ತದೆ, ಎಳೆತವನ್ನು ತಾಳುವುದಿಲ್ಲ. ಕಬ್ಬಿಣದಂತೆ ಬಾಗಿ ಸರಿಹೊಂದಿಸಿಕೊಳ್ಳುವ ಗುಣವೂ ಅದಕ್ಕಿಲ್ಲ. ಒಳಗೆ ಬಿಸಿಯಾಗಿ ಹಿಗ್ಗಿದ ಪದರ ತಣ್ಣಗಿರುವ ಹೊರಪದರವನ್ನು ಎಳೆಯುತ್ತದೆ. ಬಕೆಟ್ ನೀರು ಇದನ್ನೇ ತಿರುಗುಮುರುಗಾಗಿ, ಕ್ಷಣಮಾತ್ರದಲ್ಲಿ ಮಾಡಿತು. ಹಿಮ ಬೀಳುವ ಕಡೆ ಇರುವವರಿಗೆ ಇನ್ನೊಂದು ಅಪಾಯವಿದೆ: ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡ ಹಿಗ್ಗುವುದರಿಂದ, ಬೆಂಕಿಯನ್ನೇ ಹಾಕದೆ ಹೊರಗೆ ನಿಲ್ಲಿಸಿದ ಒದ್ದೆ ಅಗ್ಗಿಷ್ಟಿಕೆಯೂ ಚಳಿಗಾಲ ಕಳೆಯುವಷ್ಟರಲ್ಲಿ ಹಕ್ಕಳೆ ಹಕ್ಕಳೆಯಾಗಿ ಉದುರಬಹುದು.

ಎರಡನೆಯದನ್ನು ಆರಿಸುವಾಗ ಅಂಗಡಿಯಲ್ಲಿ ಒಂದು ತಾಸು ಕಳೆದೆ. ಮಡಕೆ ಕೊಳ್ಳುವವರು ಮಾಡುವಂತೆ ಬೆರಳ ಗೆಣ್ಣಿನಿಂದ ಹೊಟ್ಟೆಯ ಸುತ್ತಲೂ ಬಡಿದು ನೋಡಿದೆ. ಗಟ್ಟಿಯಾದದ್ದು ಖಣ್ ಎನ್ನುತ್ತದೆ, ಬಿರುಕಿದ್ದರೆ ಸದ್ದು ಸತ್ತಂತಿರುತ್ತದೆ. ಸಾಲಾಗಿ ಇಟ್ಟಿದ್ದ ಆರರಲ್ಲಿ ಎರಡು ಹೀಗೆಯೇ ಕಳಚಿಕೊಂಡವು, ಅವುಗಳ ಮೇಲೆ ಕಣ್ಣಿಗೆ ಕಾಣುವ ದೋಷವೇನೂ ಇರಲಿಲ್ಲ. ಆಮೇಲೆ ಟಾರ್ಚು ಹಿಡಿದು ಒಳಗೆ ನೋಡಿದೆ. ಹೊರಗೆ ಬಣ್ಣ, ಚಿತ್ತಾರಗಳಿಂದ ಮುಚ್ಚಿಹೋಗುವ ದೋಷ ಒಳಗೆ ಕಾಣುತ್ತದೆ. ಹೊಟ್ಟೆಗೂ ಕೊರಳಿಗೂ ಬೆಸುಗೆಯಾಗುವ ಜಾಗದಲ್ಲಿ ಸಂದು ಇದೆಯೇ, ಗೋಡೆಯ ದಪ್ಪ ಎಲ್ಲ ಕಡೆ ಸಮನಾಗಿದೆಯೇ ಎಂಬುದು ಮುಖ್ಯ. ಒಂದು ಕಡೆ ದಪ್ಪ, ಒಂದು ಕಡೆ ತೆಳುವಾದ ಗೋಡೆ ಒಂದೇ ಹದದಲ್ಲಿ ಬಿಸಿಯಾಗುವುದಿಲ್ಲ. ಮಣ್ಣಿಗೆ ಸುಟ್ಟ ಮಡಕೆಯ ಪುಡಿ ಬೆರೆಸಿ ಮಾಡಿದ್ದರೆ ಮುರಿದ ಅಂಚಿನಲ್ಲಿ ಅಥವಾ ಬಣ್ಣವಿಲ್ಲದ ತಳದಲ್ಲಿ ಒರಟು ಕಾಳು ಕಾಣುತ್ತದೆ. ನಯವಾದ ಮಣ್ಣಿಗಿಂತ ಇದು ಶಾಖದ ಏರಿಳಿತವನ್ನು ಹೆಚ್ಚು ತಾಳುತ್ತದೆ. ಅಂದಕ್ಕೆ ಮಾತ್ರ ಮಾಡಿದ, ಬೆಂಕಿಗೆ ಆಗದ ಅಗ್ಗಿಷ್ಟಿಕೆಗಳನ್ನೂ ಪಕ್ಕದಲ್ಲೇ ಇಟ್ಟು ಮಾರುತ್ತಾರೆ, ಕೇಳಿಯೇ ಕೊಳ್ಳಬೇಕು. ಸ್ಟ್ಯಾಂಡಿನ ಬಳೆ ಹೊಟ್ಟೆಗೆ ಸರಿಯಾಗಿ ಕೂರುತ್ತದೆಯೋ ಎಂದು ಅಲ್ಲಾಡಿಸಿ ನೋಡಿದೆ. ನೆಲ ಏರುಪೇರಾಗಿದ್ದರೂ ಮೂರು ಕಾಲು ಕುಂಟುವುದಿಲ್ಲ.

ಮನೆಗೆ ತರುವಾಗ ಒಬ್ಬರೇ ಎತ್ತಬಾರದು, ಕೊರಳು ಹಿಡಿದಂತೂ ಎತ್ತಲೇಬಾರದು. ಹಿಡಿಕೆಯಂತೆ ಕಾಣುವ ಆ ಕೊರಳೇ ಇದರ ಅತ್ಯಂತ ದುರ್ಬಲ ಜಾಗ.

ಇಡುವ ಸ್ಥಳದ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಕಲ್ಲು, ಕಾಂಕ್ರೀಟು, ಇಟ್ಟಿಗೆ ಹಾಸಿನ ಸಮತಟ್ಟಾದ ನೆಲ ಬೇಕು. ಮರದ ಹಲಗೆಯ ಜಗಲಿ ಆಗದು, ಒಣಹುಲ್ಲಿನ ನೆಲವೂ ಆಗದು. ಮನೆಯ ಗೋಡೆ, ಬೇಲಿ, ಬಟ್ಟೆ ಒಣಹಾಕುವ ತಂತಿ, ಬಾಗಿದ ಕೊಂಬೆ ಇವುಗಳಿಂದ 3 ಮೀಟರಿಗೆ ಕಡಿಮೆಯಿಲ್ಲದ ದೂರವಿಟ್ಟಿದ್ದೇನೆ, ಮೇಲೆ ಆಕಾಶವಲ್ಲದೆ ಬೇರೇನೂ ಇಲ್ಲ. ಕೊಳವೆ ಇದೆಯಲ್ಲ, ಹೊಗೆ ಹೋಗುತ್ತದಲ್ಲ ಎಂದು ಇದನ್ನು ವರಾಂಡಕ್ಕೋ ಶೆಡ್ಡಿಗೋ ಡೇರೆಯೊಳಕ್ಕೋ ಎಳೆದುಕೊಳ್ಳುವುದು ಪ್ರಾಣಕ್ಕೇ ಅಪಾಯ. ಉರಿಯುವ ಸೌದೆಯಿಂದಲೂ ಬೂದಿ ಮುಚ್ಚಿದ ಕೆಂಡದಿಂದಲೂ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದಾಗ ಅದು ಚಳಿಯಿಂದಲೋ ನಿದ್ದೆಯಿಂದಲೋ ಎಂದುಕೊಳ್ಳುವಷ್ಟರಲ್ಲಿ ಏಳುವ ಶಕ್ತಿಯೇ ಉಡುಗಿರುತ್ತದೆ. ಮಳೆ ಬಂದರೆ ನಾವು ಒಳಗೆ ಹೋಗುತ್ತೇವೆ, ಅಗ್ಗಿಷ್ಟಿಕೆ ಹೊರಗೇ ಇರುತ್ತದೆ.

ಹೊಟ್ಟೆಯ ತಳದಲ್ಲಿ ಒಣ ಮರಳನ್ನು ಬಾಯಿಯ ಅಂಚಿಗಿಂತ ಎರಡು ಬೆರಳು ಕೆಳಗಿನವರೆಗೆ ತುಂಬಿದ್ದೇನೆ. ಬೆಂಕಿ ಮಣ್ಣಿಗೆ ನೇರವಾಗಿ ತಾಗದಂತೆ ತಡೆಯುವುದು, ಬೆಂಕಿಯನ್ನು ಬಾಯಿಯ ಮಟ್ಟಕ್ಕೆ ಏರಿಸಿ ಗಾಳಿ ಸಿಗುವಂತೆ ಮಾಡುವುದು, ತಳಕ್ಕೆ ಭಾರ ಕೊಟ್ಟು ಅಲುಗದಂತೆ ನಿಲ್ಲಿಸುವುದು, ಇವೆಲ್ಲ ಆ ಮರಳಿನ ಕೆಲಸ. ಮರಳು ಒದ್ದೆಯಾಗಿದ್ದರೆ ಅದನ್ನು ಹಾಕಿಯೂ ಹಾಕದಂತೆ. ಮಳೆಗಾಲ ಮುಗಿದ ಮೇಲೆ ನಾನು ಅದನ್ನು ತೆಗೆದು ಬಿಸಿಲಿಗೆ ಹರವಿ ಮತ್ತೆ ತುಂಬುತ್ತೇನೆ.

ಹೊಸ ಮಡಕೆಯನ್ನು ಪಳಗಿಸುವಂತೆ ಇದನ್ನೂ ಪಳಗಿಸಬೇಕು. ಮೊದಲ ದಿನ ಮಡಿಸಿದ ಕಾಗದ ಮತ್ತು ಒಂದು ಹಿಡಿ ಪುರಳೆಯ ಬೆಂಕಿ, ಇಪ್ಪತ್ತು ನಿಮಿಷ. ಅದು ತಾನಾಗಿ ಪೂರ್ತಿ ಆರಿ, ಅಂಗೈ ಇಟ್ಟರೆ ತಣ್ಣಗಿದೆ ಅನ್ನಿಸಿದ ಮೇಲೆ ಎರಡನೆಯದು, ಅದಕ್ಕಿಂತ ಸ್ವಲ್ಪ ದೊಡ್ಡದು. ಹೀಗೆ ಆರು ಸಂಜೆ ಮಾಡಿದೆ. ಎರಡನೆಯ ಬೆಂಕಿಯಲ್ಲಿ ಕೊರಳಿನ ಹೊರಮೈ ಮೇಲೆ ತೇವದ ಮಬ್ಬು ಕಾಣಿಸಿಕೊಂಡು ಮಾಯವಾದದ್ದನ್ನು ನೋಡಿದೆ; ಅಂಗಡಿಯಿಂದ ಬಂದದ್ದು ಒಣಗಿದಂತೆ ಕಂಡರೂ ಒಳಗೆ ನೀರಿತ್ತು. ನೆಂಟರ ಮುಂದೆ ಅಷ್ಟು ಚಿಕ್ಕ ಬೆಂಕಿ ಹಾಕಿ ಕೂರುವುದು ಹಾಸ್ಯಾಸ್ಪದವಾಗಿ ಕಾಣುತ್ತದೆ, ಆದ್ದರಿಂದ ಪಳಗಿಸುವ ವಾರದಲ್ಲಿ ಯಾರನ್ನೂ ಕರೆಯದಿರುವುದು ಒಳ್ಳೆಯದು.

ಪಳಗಿದ ಮೇಲೂ ಇದು ಸಣ್ಣ ಬೆಂಕಿಯ ಸಾಧನವೇ. ಮಣಿಕಟ್ಟಿನ ದಪ್ಪದ, 25ರಿಂದ 30 ಸೆಂಟಿಮೀಟರ್ ಉದ್ದದ ಮೂರು ತುಂಡುಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದರೆ ಸಾಕು, ಒಂದು ಬೆಂದಂತೆ ಇನ್ನೊಂದನ್ನು ಸೇರಿಸುತ್ತೇನೆ. ಜ್ವಾಲೆ ಹೊಟ್ಟೆಯೊಳಗಿರಬೇಕು, ಕೊರಳಿನ ತುದಿಯಲ್ಲಿ ನಾಲಿಗೆ ಚಾಚಿತೆಂದರೆ ಸೌದೆ ಹೆಚ್ಚಾಯಿತೆಂದು ಅರ್ಥ. ಶುರುವಿನಲ್ಲಿ ಕೊರಳು ತಣ್ಣಗಿರುವುದರಿಂದ ಹೊಗೆ ಮೇಲೇರದೆ ಬಾಯಿಂದಲೇ ಉಗುಳುತ್ತದೆ, ಒಂದೆರಡು ಕಾಗದವನ್ನು ಮೇಲುಗಡೆಗೆ ಹಿಡಿದು ಉರಿಸಿದರೆ ಎಳೆತ ಹುಟ್ಟಿಕೊಳ್ಳುತ್ತದೆ. ಇದ್ದಿಲು, ಕಲ್ಲಿದ್ದಲುಗಳ ಶಾಖ ಒಂದೇ ಕಡೆ ಗುಡ್ಡೆಯಾಗುವುದರಿಂದ ನಾನು ಅವನ್ನು ಹಾಕುವುದಿಲ್ಲ. ಪೆಟ್ರೋಲು, ಸೀಮೆಎಣ್ಣೆಗಳ ಮಾತೇ ಬೇಡ; ಆ ಹೊಟ್ಟೆಯೊಳಗೆ ಪೆಟ್ರೋಲಿನ ಆವಿ ತುಂಬಿಕೊಂಡರೆ ಕಡ್ಡಿ ಗೀರಿದವರ ಮುಖಕ್ಕೇ ಬಾಯಿ ತೆರೆದಿರುತ್ತದೆ.

ಸೌದೆ ಒಣಗಿರಬೇಕು ಎಂಬುದನ್ನು ಎಲ್ಲರೂ ಹೇಳುತ್ತಾರೆ, ಎಷ್ಟು ಎಂದು ಹೇಳುವವರು ಕಡಿಮೆ. ತೇವಾಂಶ 20 ಶೇಕಡಕ್ಕಿಂತ ಕೆಳಗಿರಬೇಕು. ಅಳೆಯುವ ಸಾಧನ ಸಿಗುತ್ತದೆ. ಇಲ್ಲದಿದ್ದರೆ ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ಟಣ್ ಎನ್ನುತ್ತದೋ ದಬ್ ಎನ್ನುತ್ತದೋ ಕೇಳಬೇಕು, ಕಡಿದ ಕೊನೆಯಲ್ಲಿ ನಕ್ಷತ್ರದ ಹಾಗೆ ಸೀಳುಗಳಿವೆಯೇ ನೋಡಬೇಕು. ಹಸಿ ಸೌದೆಯ ಹೊಗೆ ಕಣ್ಣಿಗೆ ಮಾತ್ರವಲ್ಲ, ಅದರಲ್ಲಿನ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಉಬ್ಬಸವಿರುವವರು ಮನೆಯಲ್ಲಿದ್ದರೆ ಒಣ ಸೌದೆಯ ಬೆಂಕಿಗೂ ಎರಡು ಸಲ ಯೋಚಿಸಬೇಕು. ಬಣ್ಣ ಬಳಿದ ಹಲಗೆ, ಪ್ಲೈವುಡ್, ಗೆದ್ದಲಿಗೆ ಮದ್ದು ಹಾಕಿದ ಮರ ಇವುಗಳನ್ನು ಉರಿಸಬಾರದು. ಮದ್ದು ಹಾಕಿದ ಹಳೆಯ ಮರದಲ್ಲಿ ಆರ್ಸೆನಿಕ್, ಕ್ರೋಮಿಯಂ ಇರಬಹುದು, ಅವು ಬೂದಿಯಲ್ಲಿಯೂ ಉಳಿಯುತ್ತವೆ.

ಕೊರಳಿನ ತುದಿಗೆ ತಂತಿಬಲೆಯ ಕಿಡಿತಡೆ ಹಾಕಿದ್ದೇನೆ. ಮಸಿ ಕಟ್ಟಿಕೊಂಡರೆ ಹೊಗೆ ಹಿಂದಕ್ಕೆ ಬರುವುದರಿಂದ ಅದನ್ನು ಆಗಾಗ ತೆಗೆದು ಉಜ್ಜಬೇಕು. ಗಾಳಿ ಜೋರಿದ್ದ ದಿನ ಬೆಂಕಿ ಹಾಕುವುದಿಲ್ಲ. ಪಕ್ಕದಲ್ಲಿ ಒಂದು ಬಕೆಟ್ ಮರಳು, ಒಂದು ಬಕೆಟ್ ನೀರು ಇರುತ್ತವೆ: ಮರಳು ಅಗ್ಗಿಷ್ಟಿಕೆಗೆ, ನೀರು ನೆಲಕ್ಕೆ ಬಿದ್ದ ಕಿಡಿಗೆ ಮತ್ತು ಸುಟ್ಟ ಕೈಗೆ. ಸುಟ್ಟ ಜಾಗವನ್ನು 20 ನಿಮಿಷ ಹರಿಯುವ ತಣ್ಣೀರಿನ ಕೆಳಗೆ ಹಿಡಿಯಬೇಕೆಂದು ನಾನು ಕಲಿತದ್ದು ತಡವಾಗಿ. ಎರಕದ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಕಂಡರೇ ಬಿಸಿಯೆಂದು ಹೆದರುತ್ತೇವೆ, ಮಣ್ಣಿನದು ನಿಧಾನವಾಗಿ ಬಿಸಿಯೇರಿ ಬೆಂಕಿ ಆರಿದ ಮೇಲೂ ತಾಸುಗಟ್ಟಲೆ ಹಾಗೆಯೇ ಇರುವುದರಿಂದ ಮೋಸಹೋಗುತ್ತೇವೆ. ಬೂದಿಯದೂ ಇದೇ ಕಥೆ. ಮರುದಿನ ಮಧ್ಯಾಹ್ನ ಬಾಚಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಿದ ಬೂದಿ ಆ ಬುಟ್ಟಿಯ ತಳದಲ್ಲಿ ನಿಂಬೆಗಾತ್ರದ ತೂತು ಮಾಡಿತು. ಈಗ ಮುಚ್ಚಳವಿರುವ ತಗಡಿನ ಡಬ್ಬಿ ಇಟ್ಟಿದ್ದೇನೆ.

ಪಾಲನೆಗೆ ಬೇಕಾಗುವ ಶ್ರಮ ಅಷ್ಟೇನಿಲ್ಲ. ಹೊರಮೈಗೆ ಮಾತ್ರ ನೀರು ತಡೆಯುವ ಅಕ್ರಿಲಿಕ್ ಸೀಲರ್ ಬಳಿಯುತ್ತೇನೆ, ಚೆನ್ನಾಗಿ ಒಣಗಿ ತಣ್ಣಗಿದ್ದಾಗ. ಮತ್ತೆ ಯಾವಾಗ ಬಳಿಯಬೇಕೆಂಬುದಕ್ಕೆ ಕ್ಯಾಲೆಂಡರ್ ಬೇಡ; ನಾಲ್ಕು ಹನಿ ನೀರು ಚಿಮುಕಿಸಿದರೆ ಅವು ಕೆಸುವಿನ ಎಲೆಯ ಮೇಲಿನಂತೆ ಮಣಿಯಾಗಿ ನಿಲ್ಲಬೇಕು, ಇಂಗಿ ಕಲೆಯಾದರೆ ಬಳಿಯುವ ಕಾಲ ಬಂತು. ಪ್ಲಾಸ್ಟಿಕ್ ಹಾಳೆಯ ಬದಲು ಗಾಳಿಯಾಡುವ ಬಟ್ಟೆಯ ಹೊದಿಕೆ ಹಾಕುತ್ತೇನೆ, ಅದೂ ಪೂರ್ತಿ ತಣಿದ ಮೇಲೆ. ಮಳೆಗಾಲವಿಡೀ ಸೂರಿನ ಕೆಳಗೆ, ನೆಲದಿಂದ ಎತ್ತರಿಸಿ ಇಡುತ್ತೇನೆ.

ದೂರುಗಳೂ ಇವೆ. ಶಾಖ ಬಾಯಿಯ ಮುಂದಿನವರಿಗೆ ಮಾತ್ರ. ನಾಲ್ಕು ಜನ ಅರ್ಧವೃತ್ತದಲ್ಲಿ ಕುಳಿತರೆ ಐದನೆಯವರಿಗೆ ಬೆಚ್ಚಗಿನ ಮಾತಷ್ಟೇ ಸಿಗುತ್ತದೆ. ಚಿಕ್ಕ ಬಾಯಿಗೆಂದು ಸೌದೆಯನ್ನು ಮತ್ತೆ ಮತ್ತೆ ತುಂಡರಿಸುವುದು ಬೇಸರದ ಕೆಲಸ. ದೊಡ್ಡ ಬೆಂಕಿ, ದೊಡ್ಡ ಗುಂಪು, ವರ್ಷವಿಡೀ ಹೊರಗೇ ಬಿಟ್ಟಿರುವ ಅನುಕೂಲ ಬೇಕೆನ್ನುವವರು ಎರಕದ ಕಬ್ಬಿಣದ್ದನ್ನೇ ಕೊಳ್ಳಲಿ, ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸ ಅದರಲ್ಲೂ ಇದೆ. ನನಗೆ ಮಣ್ಣೇ ಹಿಡಿಸಿದೆ: ಬೆಂಕಿ ಕುಂದಿದ ಮೇಲೂ ಮುಖಕ್ಕೆ ಬರುವ ಆ ಹದವಾದ ಕಾವು ಕಬ್ಬಿಣದಲ್ಲಿ ಸಿಗುವುದಿಲ್ಲ.

ಎರಡು ವರ್ಷದ ಹಿಂದೆ ಬಾಯಿಯ ಬಲಮೂಲೆಯಲ್ಲಿ ಕೂದಲೆಳೆಯ ಬಿರುಕೊಂದು ಕಾಣಿಸಿತು. ಕೂದಲೆಳೆಯದು ಸಾಮಾನ್ಯ, ಉಗುರು ಸಿಕ್ಕಿಕೊಳ್ಳುವಷ್ಟು ಅಗಲವಾದರೆ ಅಥವಾ ಗೋಡೆಯ ಆಚೆಗೂ ಹಾಯ್ದರೆ ಬೆಂಕಿ ನಿಲ್ಲಿಸಬೇಕು. ಶಾಖ ತಾಳುವ ಸಿಮೆಂಟಿನಿಂದ ಅದನ್ನು ತುಂಬಿ, ಒಂದು ವಾರ ಒಣಗಿಸಿ, ಮತ್ತೆ ಕಾಗದದ ಬೆಂಕಿಯಿಂದಲೇ ಆರಂಭಿಸಿದೆ. ಬಿರುಕಿನ ತುದಿಗೆ ಪೆನ್ಸಿಲಿನಿಂದ ಒಂದು ಗೀಟು ಎಳೆದು ತಿಂಗಳು ಬರೆದಿದ್ದೇನೆ. ಈ ಸಲ ಹೊದಿಕೆ ತೆಗೆದಾಗ ಮೊದಲು ನೋಡಿದ್ದು ಅದನ್ನೇ, ಬಿರುಕು ಗೀಟಿನ ಈಚೆಗೇ ಇತ್ತು.