ಕಾರವಾರದ ಕೋಡಿಬಾಗದ ನಮ್ಮನೆ ಗಾಳಿಯಂತ್ರ: ಮೂರು ಮಳೆಗಾಲ ಕಳೆದ ಮೇಲೆ

ಮಳೆಗಾಲದಲ್ಲಿ ಎಲ್ಲೋ ಒಂದು ಮರ ತಂತಿಯ ಮೇಲೆ ಬಿದ್ದರೆ ಸಾಕು, ನಮ್ಮ ಓಣಿಗೆ ರಾತ್ರಿಯಿಡೀ ಕರೆಂಟಿಲ್ಲ. ಅಮ್ಮನಿಗೆ ಉಬ್ಬಸ, ನೆಬ್ಯುಲೈಸರ್ ಬೇಕೇ ಬೇಕು. ತಾರಸಿಯ ಮೇಲೆ ಸೋಲಾರ್ ಇದೆ, ಆದರೆ ಜುಲೈಯಲ್ಲಿ ವಾರಗಟ್ಟಲೆ ಬಿಸಿಲೇ ಕಾಣುವುದಿಲ್ಲ. ಅದಕ್ಕಾಗಿ 1 ಕಿಲೋವ್ಯಾಟ್ ಗಾಳಿಯಂತ್ರ ಕೂರಿಸಿದೆ.

ಮೊದಲ ವರ್ಷ ಅಳುವುದೊಂದು ಬಾಕಿ. ಮಾರಿದವರು "ಕಡಲ ದಂಡೆ, ಗಾಳಿಗೇನು ಬರ" ಎಂದು ತಾರಸಿಯಲ್ಲೇ ಹತ್ತಡಿ ಕಂಬ ನೆಟ್ಟು ಹೋದರು. ಸುತ್ತ ತೆಂಗು. ಮರಗಳ ನಡುವೆ ನುಗ್ಗಿದ ಗಾಳಿ ಸುಳಿಸುಳಿಯಾಗಿ ಬರುತ್ತದೆ. ಯಂತ್ರ ದಿಕ್ಕು ಹುಡುಕುತ್ತ ಅತ್ತಿತ್ತ ಹೊರಳಿತೇ ಹೊರತು ಬ್ಯಾಟರಿ ತುಂಬಲಿಲ್ಲ. 1 ಕಿಲೋವ್ಯಾಟ್ ಎಂಬ ಮಾತು ಸೆಕೆಂಡಿಗೆ 12 ಮೀಟರ್ ವೇಗದ ಗಾಳಿಗೆ ಮಾತ್ರ ಎಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ವೇಗ ಅರ್ಧವಾದರೆ ಗಾಳಿಯ ಶಕ್ತಿ ಎಂಟರಲ್ಲೊಂದು ಪಾಲಾಗುತ್ತದೆ. 6 ಮೀಟರಿಗೆ ಸುಮಾರು 125 ವ್ಯಾಟ್, ಅಷ್ಟೇ. ದಯವಿಟ್ಟು ಈ ಲೆಕ್ಕ ಕೇಳದೆ ದುಡ್ಡು ಕೊಡಬೇಡಿ.

ಎರಡನೇ ವರ್ಷ ಅಂಗಳದಲ್ಲಿ ತೆಂಗಿನ ತಲೆ ದಾಟುವ ಕಂಬ ಹಾಕಿಸಿದೆ. ಕಂಬಕ್ಕೇ ಯಂತ್ರದಷ್ಟು ಖರ್ಚಾಯಿತು. ಆದರೆ ಬೋಟುಗಳೆಲ್ಲ ಬೈತಖೋಲ ಬಂದರಿನಲ್ಲಿ ಕಟ್ಟಿಹಾಕಿಕೊಂಡಿದ್ದ ಆ ಜೂನ್-ಜುಲೈಯಲ್ಲಿ ಯಂತ್ರ ಹಗಲೂ ರಾತ್ರಿಯೂ ತಿರುಗಿತು. ಬಿರುಗಾಳಿ ಬಂದರೆ ತಾನೇ ಪಕ್ಕಕ್ಕೆ ಮುಖ ತಿರುಗಿಸಿಕೊಳ್ಳುತ್ತದೆ, ಅದು ಚೆನ್ನಾಗಿದೆ. ಒಂದು ದಿನ ಸಂಜೆ ಏಳಕ್ಕೆ ಹೋದ ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಅಷ್ಟು ಹೊತ್ತೂ ಎರಡು ದೀಪ, ಒಂದು ಫ್ಯಾನು, ಅಮ್ಮನ ನೆಬ್ಯುಲೈಸರ್ ನಡೆದವು. ಆ ರಾತ್ರಿ ಅಮ್ಮ ನಿದ್ದೆ ಮಾಡಿದಳು. ಖರ್ಚಾದ ದುಡ್ಡಿನ ಬಗ್ಗೆ ಆಮೇಲೆ ನಾನು ಮರುಗಿಲ್ಲ.

ನವೆಂಬರ್ ನಂತರ ಬೆಳಗ್ಗೆ ರೆಕ್ಕೆ ಅಲುಗುವುದಿಲ್ಲ. ಮಧ್ಯಾಹ್ನ ಕಡಲಗಾಳಿ ಎದ್ದ ಮೇಲೆ ನಾಲ್ಕೈದು ತಾಸು ತಿರುಗುತ್ತದೆ, ಉಳಿದ ಹೊತ್ತಿಗೆ ಸೋಲಾರೇ ಗತಿ. ಉಪ್ಪುಗಾಳಿಗೆ ಕಬ್ಬಿಣದ ಬೋಲ್ಟು ಒಂದೇ ವರ್ಷದಲ್ಲಿ ತುಕ್ಕು ಹಿಡಿದವು. ಸ್ಟೇನ್‌ಲೆಸ್ ಹಾಕಿಸಿ.

"ಊರಿಗೆಲ್ಲ ಇದನ್ನೇ ಹಾಕಬಹುದಲ್ಲ?" ಎಂದು ನೆರೆಯವರು ಕೇಳುತ್ತಾರೆ. ತಾರಸಿ ತಾರಸಿಗೆ ಬೇಡ ಎನ್ನುತ್ತೇನೆ. ಗದಗ, ಚಿತ್ರದುರ್ಗದ ಗುಡ್ಡಗಳ ದೊಡ್ಡ ಯಂತ್ರಗಳ ವಿದ್ಯುತ್ತು ತಂತಿಯಲ್ಲಿ ಬರಲಿ. ಅವೂ ಮುಂಗಾರಿನಲ್ಲೇ ಜಾಸ್ತಿ ತಿರುಗುವುದು. ಅದು ಬಂದಾಗ ಕಾಳಿ ನದಿಯ ಸೂಪಾ ಜಲವಿದ್ಯುತ್ ಅಣೆಕಟ್ಟಿನ ನೀರನ್ನು ಉಳಿಸಿಟ್ಟುಕೊಂಡು, ಬೇಸಿಗೆಯಲ್ಲಿ ಗಾಳಿ ಬಿದ್ದ ಸಂಜೆಗಳಿಗೆ ಬಿಡಬೇಕು. ಗಾಳಿಯೊಂದನ್ನೇ ನಂಬಿ ಊರಿನ ದೀಪ ಹಚ್ಚಲಾಗದು, ಮಳೆಗಾಲದಲ್ಲಿ ಅದನ್ನು ಬಿಡಲೂ ಆಗದು.

ಕೊಳ್ಳಬೇಕೆಂದಿರುವವರು ಯಾರದಾದರೂ ಯಂತ್ರವನ್ನು ಆಷಾಢದಲ್ಲಿ ಒಮ್ಮೆ, ಫೆಬ್ರವರಿಯ ಬೆಳಗ್ಗೆ ಒಮ್ಮೆ ನೋಡಿ ಬನ್ನಿ.